ಹಳೇ ಡಬ್ಬಕ್ಕೆ ಹೊಸ ಕಾರ್ಡು

ಮೊನ್ನೆ ಭಾನುವಾರ ಬೆಳಿಗ್ಗೆ ಎದುರು ಫ್ಲ್ಯಾಟಿನ ಹುಡುಗ ಬಂದ. ಇಂಟರ್ ಎರಡನೇ ವರ್ಷ ಓದ್ತಿದ್ದಾನೆ. "ಅಂಕಲ್, ನಮ್ಮ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು. ಅಪ್ಪ ಹದಿನೈದು ಸಾವಿರಕ್ಕಿಂತ ಒಂದು ರೂಪಾಯಿ ಜಾಸ್ತಿ ಕೊಡಲ್ಲ ಅಂದಿದ್ದಾರೆ. ಅದೂ ನಿಮ್ಮನ್ನ ಕೇಳಿ ಬಾ ಅಂದ್ರು" ಅಂದ. ಅಂದದ್ದು ತೆಲುಗಿನಲ್ಲಿ, ಕನ್ನಡ ಮಾಡಿದ್ದು ನಾನು.

ನಾನು ಬ್ಯಾಂಕಿನವನು, ಓದಿದ್ದು ಬಿ.ಕಾಂ. ಕಂಪ್ಯೂಟರಿಗೂ ನನಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಆದರೆ ನಾಚಾರಂನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ವಿಷಯದಲ್ಲಿ ನನಗೆ ಸ್ವಲ್ಪ ಹೆಸರಿದೆ. ಅದು ಜಾಣತನದಿಂದ ಬಂದ ಹೆಸರಲ್ಲ ಬಿಡಿ. ಎರಡು ಸಲ ದುಡ್ಡು ಉಳಿಸಲು ಹೋಗಿ ಎರಡು ಸಲವೂ ಕೈ ಸುಟ್ಟುಕೊಂಡಿದ್ದರಿಂದ ಬಂದದ್ದು. ಹುಡುಗನಿಗೆ "ಸಂಜೆ ಬರ್ತೀನಿ, ಡಬ್ಬ ಬಿಚ್ಚಿ ನೋಡೋಣ" ಅಂತ ಹೇಳಿ ಕಳಿಸಿದೆ. ಆಮೇಲೆ ಕಾಫಿ ಕುಡೀತಾ ಕೂತಾಗ ಹಳೆಯದೆಲ್ಲ ನೆನಪಾಯಿತು, ಬರೆಯೋಣ ಅನ್ನಿಸಿತು.

ನಮ್ಮ ಮನೆಯಿಂದ ಐದಾರು ಕಿಲೋಮೀಟರ್ ದೂರದಲ್ಲಿ ಇ.ಸಿ.ಐ.ಎಲ್. ಇದೆ. ಹೈದರಾಬಾದಿಗೆ ಹೊಸದಾಗಿ ಬರುವವರಿಗೆ ಅದು ಬರೀ ಒಂದು ಬಸ್ ನಿಲ್ದಾಣದ ಹೆಸರು. ಆದರೆ 1967ರಲ್ಲಿ ಅಣುಶಕ್ತಿ ಇಲಾಖೆಯ ಕೆಳಗೆ ಶುರುವಾದ ಈ ಕಂಪನಿಯೇ ನಮ್ಮ ದೇಶದ್ದೇ ವಿನ್ಯಾಸದ ಕಂಪ್ಯೂಟರನ್ನು ಮೊದಲು ಮಾಡಿ ಮಾರಿದ್ದು. 1969ರಲ್ಲಿ ಬಂದ ಟಿ.ಡಿ.ಸಿ. 12 ಅದರ ಮೊದಲ ಕೂಸು. ಟಿ.ಡಿ.ಸಿ. ಅಂದರೆ ಟ್ರಾಂಬೆ ಡಿಜಿಟಲ್ ಕಂಪ್ಯೂಟರ್. ಮೊದಲ ಮುಖ್ಯಸ್ಥರಾಗಿದ್ದ ಎ.ಎಸ್. ರಾವ್ ಅವರ ಹೆಸರಿನಲ್ಲೇ ಪಕ್ಕದ ಎ.ಎಸ್. ರಾವ್ ನಗರ ಇರೋದು. ಆ ಕಾಲದ ಕಂಪ್ಯೂಟರ್ ಅಂದರೆ ಬೀರುವಿನ ಗಾತ್ರದ್ದು. ಅದನ್ನು ಬಿಚ್ಚೋದು, ಸೇರಿಸೋದು ಎಲ್ಲ ಕಂಪನಿಯ ಎಂಜಿನಿಯರೇ ಮಾಡಬೇಕು. ಮನೆಯ ಯಜಮಾನ ಸ್ಕ್ರೂಡ್ರೈವರ್ ಹಿಡಿದು ಬಿಚ್ಚುವ ಕಂಪ್ಯೂಟರ್ ಬೇರೆ ಕಡೆಯಿಂದ ಬರಬೇಕಿತ್ತು.

ಅದು ಬಂದದ್ದು 1981ರ ಆಗಸ್ಟಿನಲ್ಲಿ, ಐ.ಬಿ.ಎಂ. ಪರ್ಸನಲ್ ಕಂಪ್ಯೂಟರ್ ರೂಪದಲ್ಲಿ. ಅದರ ಬೋರ್ಡಿನ ಮೇಲೆ ಐದು ಸ್ಲಾಟ್ ಇದ್ದವು. ಸ್ಲಾಟ್ ಅಂದರೆ ಕಾರ್ಡನ್ನು ಒತ್ತಿ ಕೂರಿಸುವ ಉದ್ದನೆಯ ಸೀಳು. ಒಳಗೆ ಯಾವ ತಂತಿ ಎಲ್ಲಿಗೆ ಹೋಗುತ್ತೆ ಅನ್ನೋದನ್ನೆಲ್ಲ ಐ.ಬಿ.ಎಂ. ಪುಸ್ತಕ ಮಾಡಿ ಪ್ರಕಟಿಸಿಬಿಟ್ಟಿತು. ಹಾಗಾಗಿ ಆ ಸ್ಲಾಟಿಗೆ ಯಾರು ಬೇಕಾದರೂ ಕಾರ್ಡ್ ಮಾಡಬಹುದಾಯಿತು. ಸ್ವಲ್ಪ ದಿನದಲ್ಲಿ ಪೂರ್ತಿ ಕಂಪ್ಯೂಟರನ್ನೇ ಬೇರೆಯವರು ಮಾಡತೊಡಗಿದರು. ಐ.ಬಿ.ಎಂ.ಗೆ ಇದರಿಂದ ಲಾಭವಾಯಿತೋ ನಷ್ಟವಾಯಿತೋ ಅದು ಬೇರೆ ವಿಷಯ. ನಮ್ಮಂಥ ಸಂಬಳದವರು ಕಂಪ್ಯೂಟರನ್ನು ಕಂತು ಕಂತಾಗಿ ಬೆಳೆಸಲು ಸಾಧ್ಯವಾದದ್ದು ಮಾತ್ರ ಆ ಐದು ಸೀಳುಗಳಿಂದ.

ನಾನು 1992ರಲ್ಲಿ ರಾಯಚೂರು ಕಡೆ ಕೆಲಸಕ್ಕೆ ಸೇರಿದಾಗ ಶಾಖೆಯಲ್ಲಿದ್ದದ್ದು ಲೆಡ್ಜರ್ ಪೋಸ್ಟಿಂಗ್ ಯಂತ್ರ. ಅದಕ್ಕೊಂದು ಎ.ಸಿ. ಕೋಣೆ, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು, ದೇವರ ಮನೆ ಥರ! ಅದೇ ಯಂತ್ರದ ತಮ್ಮನನ್ನು ಮನೆಯಲ್ಲಿ ಇಟ್ಟುಕೊಂಡು ಮಗ ಕಾರ್ ಓಡಿಸುವ ಆಟ ಆಡ್ತಾನೆ ಅಂತ ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡ್ತಿದ್ದೆ.

ಮನೆಗೆ ಬರಲು ಕಾರಣ ಬೆಲೆ. 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಬಾಗಿಲು ಸ್ವಲ್ಪ ತೆರೆಯಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ, ಅದರ ಪಟ್ಟಿಯಲ್ಲಿದ್ದ ಸಾಮಾನುಗಳ ಆಮದು ಸುಂಕವನ್ನು ಹಂತ ಹಂತವಾಗಿ 2005ರ ಹೊತ್ತಿಗೆ ಸೊನ್ನೆಗೆ ಇಳಿಸಿತು. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ ನಮಗೆ ಸಿಕಂದರಾಬಾದಿನ ಪಾರ್ಕ್ ಲೇನ್, ಅಲ್ಲಿಯ ಚೆನಾಯ್ ಟ್ರೇಡ್ ಸೆಂಟರ್ ಹಾಗೆ. ಎಲ್ಲರೂ ಸಿ.ಟಿ.ಸಿ. ಅಂತಲೇ ಕರೀತಾರೆ. ಒಂದಂಗಡಿಯಲ್ಲಿ ಬೋರ್ಡು, ಇನ್ನೊಂದರಲ್ಲಿ ರ್‍ಯಾಮು, ಮೂರನೆಯದರಲ್ಲಿ ಜೋಡಿಸಿ ಕೊಡುವವನು. ತರಕಾರಿ ಸಂತೆಯಲ್ಲಿ ಚೌಕಾಸಿ ಮಾಡೋ ಹಾಗೆ ಅಲ್ಲಿ ಪ್ರೊಸೆಸರಿಗೆ ಚೌಕಾಸಿ ಮಾಡಬೇಕು.

2003ರಲ್ಲಿ ನಾನೂ ಹೋದೆ. ಮಗನಿಗೆ ಆಗ ಆರು ವರ್ಷ. ಸೆಲೆರಾನ್ 2 ಗಿಗಾಹರ್ಟ್ಜ್, 128 ಎಂ.ಬಿ. ರ್‍ಯಾಮ್, 40 ಜಿ.ಬಿ. ಡಿಸ್ಕ್, ಒಟ್ಟು 24,500 ರೂಪಾಯಿ. ಬೋರ್ಡ್ ಆರಿಸುವಾಗ ಅಂಗಡಿಯವನು ಎರಡು ತೋರಿಸಿದ. ಒಂದು 845ಜಿ.ಇ., ಇನ್ನೊಂದು 845ಜಿ.ವಿ. ಎರಡೂ ಇಂಟೆಲ್ ಚಿಪ್‌ಸೆಟ್, ಎರಡೂ 2002ರ ಅಕ್ಟೋಬರಿನಲ್ಲಿ ಬಂದವು. ವ್ಯತ್ಯಾಸ ಆರುನೂರು ರೂಪಾಯಿ. "ಏನಯ್ಯಾ ವ್ಯತ್ಯಾಸ?" ಅಂದೆ. "ಜಿ.ವಿ.ಯಲ್ಲಿ ಎ.ಜಿ.ಪಿ. ಸ್ಲಾಟ್ ಇಲ್ಲ ಸಾರ್, ಗೇಮ್ ಆಡೋರಿಗೆ ಬೇಕಾಗುತ್ತೆ" ಅಂದ. ಪಾಪ, ಸರಿಯಾಗೇ ಹೇಳಿದ್ದ. ನಮ್ಮನೇಲಿ ಗೇಮ್ ಯಾರು ಆಡ್ತಾರೆ ಅಂದುಕೊಂಡು ಜಿ.ವಿ. ತಂದೆ. ಆರುನೂರು ಉಳಿಸಿದ ಖುಷಿಗೆ ಬರುವಾಗ ತಾರ್ನಾಕದಲ್ಲಿ ಇಳಿದು ಸಿಹಿ ಕಟ್ಟಿಸಿಕೊಂಡು ಬಂದಿದ್ದೆ.

ಎ.ಜಿ.ಪಿ. ಅಂದರೆ 1997ರಲ್ಲಿ ಗ್ರಾಫಿಕ್ಸ್ ಕಾರ್ಡಿಗೆಂದೇ ಬಂದ ಸ್ಲಾಟು. ಅದಕ್ಕೂ ಮೊದಲು ಇದ್ದದ್ದು ಪಿ.ಸಿ.ಐ. ಅದರಲ್ಲಿ ಸೆಕೆಂಡಿಗೆ 133 ಎಂ.ಬಿ. ಮಾತ್ರ ಓಡುತ್ತೆ, ಅದನ್ನೂ ಉಳಿದ ಕಾರ್ಡುಗಳೆಲ್ಲ ಹಂಚಿಕೊಳ್ಳಬೇಕು. ನಾನು ಬಿಟ್ಟುಬಂದ ಬೋರ್ಡಿನ ಎ.ಜಿ.ಪಿ.ಯಲ್ಲಿ ಸಾವಿರದ ಮೇಲೆ. ಊರ ಗಾಡಿದಾರಿಗೂ ಹೈವೇಗೂ ಇರುವ ವ್ಯತ್ಯಾಸ.

ಮಗ ಮೊದಲು ಏಜ್ ಆಫ್ ಎಂಪೈರ್ಸ್ ಆಡಿದ. 1997ರ ಆಟ, ಹಾಯಾಗಿ ಓಡಿತು. 2008ರಲ್ಲಿ ಹನ್ನೊಂದು ವರ್ಷವಾದಾಗ ಶಾಲೆಯ ಗೆಳೆಯನಿಂದ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ ಡಿಸ್ಕ್ ತಂದ. ಆಟ ಬಂದು ಆಗಲೇ ಮೂರು ವರ್ಷವಾಗಿತ್ತು. ನಮ್ಮ ಡಬ್ಬದಲ್ಲಿ ಏಳಲೇ ಇಲ್ಲ. ಬೋರ್ಡಿನಲ್ಲೇ ಇದ್ದ ಗ್ರಾಫಿಕ್ಸಿಗೆ ಆ ಶಕ್ತಿ ಇರಲಿಲ್ಲ. ಒಂದು ಕಾರ್ಡ್ ಹಾಕಿದರೆ ಆಯ್ತು ಅಂತ ಗೆಳೆಯ ಹೇಳಿದ್ದನಂತೆ. ಇಬ್ಬರೂ ಸೇರಿ ಪಕ್ಕದ ತಗಡು ಬಿಚ್ಚಿದೆವು. ಸ್ಲಾಟ್ ಇರಬೇಕಾದ ಜಾಗದಲ್ಲಿ ಬರೀ ಬೋರ್ಡು. ಅವನು ನನ್ನ ಮುಖ ನೋಡಿದ. ನಾನು ಜಿ.ವಿ., ಆರುನೂರು ರೂಪಾಯಿ ಎಲ್ಲ ಹೇಳಿದೆ. "ಬಿಡಪ್ಪಾ ಪರವಾಗಿಲ್ಲ" ಅಂದು ಸ್ಕ್ರೂ ಹಾಕತೊಡಗಿದ. ಹನ್ನೊಂದು ವರ್ಷದ ಹುಡುಗ ಅತ್ತು ಹಟ ಮಾಡಿದ್ದರೆ ಚೆನ್ನಾಗಿರ್ತಿತ್ತು.

ನ್ಯಾಯವಾಗಿ ಹೇಳಬೇಕೆಂದರೆ, ಜಿ.ಇ. ತಂದಿದ್ದರೂ ಕಥೆ ಬಹಳ ದೂರ ಹೋಗ್ತಿರಲಿಲ್ಲ. 2004ರ ಜೂನಿನಲ್ಲಿ ಇಂಟೆಲ್ 915 ಚಿಪ್‌ಸೆಟ್ ತಂದು ಎ.ಜಿ.ಪಿ.ಯನ್ನೇ ಕೈಬಿಟ್ಟು ಪಿ.ಸಿ.ಐ. ಎಕ್ಸ್‌ಪ್ರೆಸ್ ಹಿಡಿಯಿತು. ಏಳು ವರ್ಷಕ್ಕೆ ಒಂದು ಸ್ಲಾಟಿನ ಆಯುಷ್ಯ ಮುಗಿಯಿತು. 2008ರಲ್ಲಿ ಸಿ.ಟಿ.ಸಿ.ಯಲ್ಲಿ ಎ.ಜಿ.ಪಿ. ಕಾರ್ಡ್ ಕೇಳಿದರೆ ಅಂಗಡಿಯವರು ಒಳಗೆ ಹುಡುಕಬೇಕಿತ್ತು, ಸಿಕ್ಕರೂ ಬೆಲೆ ಜಾಸ್ತಿ. ರ್‍ಯಾಮ್ ಕಥೆಯೂ ಹಾಗೇ. ನಮ್ಮ ಹಳೇ ಡಿ.ಡಿ.ಆರ್. 512 ಎಂ.ಬಿ. ಕೊಳ್ಳುವ ದುಡ್ಡಿಗೆ ಹೊಸ ಡಿ.ಡಿ.ಆರ್. 2 ಒಂದು ಜಿ.ಬಿ. ಬಂದು ಚಿಲ್ಲರೆ ವಾಪಸ್ ಬರ್ತಿತ್ತು. ಬಿ.ಕಾಂ.ನಲ್ಲಿ ನಮಗೆ ಕಲಿಸಿದ್ದು ಹಳೆಯದಾದ ಹಾಗೆ ಬೆಲೆ ಇಳಿಯುತ್ತೆ ಅಂತ. ಆದಾಯ ತೆರಿಗೆಯ ಲೆಕ್ಕದಲ್ಲಿ ಆಗ ಕಂಪ್ಯೂಟರಿಗೆ ವರ್ಷಕ್ಕೆ ಶೇ. 60 ಸವಕಳಿ (ಈಗ ಶೇ. 40). ಆ ಲೆಕ್ಕ ಹಿಡಿದರೆ ನನ್ನ 24,500 ಐದು ವರ್ಷಕ್ಕೆ 251 ರೂಪಾಯಿಗೆ ಇಳಿದಿತ್ತು. ಇನ್ನೂರ ಐವತ್ತೊಂದು ರೂಪಾಯಿಯ ಡಬ್ಬಕ್ಕೆ ಎರಡು ಸಾವಿರದ ರ್‍ಯಾಮ್ ಹಾಕಿಸೋದು ಯಾವ ನ್ಯಾಯ?

2009ರಲ್ಲಿ ಎಲ್.ಎಫ್.ಸಿ. ದುಡ್ಡು ಬಂತು. ಅದರಲ್ಲಿ ಧರ್ಮಸ್ಥಳ, ಕೊಲ್ಲೂರು ನೋಡಿ ಬರೋಣ ಅಂತ ಹೆಂಡತಿ ಮೊದಲೇ ಹೇಳಿಟ್ಟಿದ್ದಳು. ಪ್ರವಾಸ ಮುಂದಕ್ಕೆ ಹೋಯಿತು, ಮನೆಯಲ್ಲಿ ಎರಡು ದಿನ ಮಾತು ಕಮ್ಮಿಯಾಯಿತು. ಈ ಸಲ ನಾನು ಒಂದು ತಿಂಗಳು ಓದಿಕೊಂಡು ಹೋದೆ. ತಂದದ್ದು ಎ.ಎಂ.ಡಿ. 780ಜಿ ಚಿಪ್‌ಸೆಟ್ಟಿನ ಬೋರ್ಡು, ಒಂದು ಅಥ್ಲಾನ್ ಎಕ್ಸ್2. 2008ರಲ್ಲಿ ಬಂದ ಆ ಬೋರ್ಡಿನ ಒಳಗಿನ ಗ್ರಾಫಿಕ್ಸೇ ಮೋಸ್ಟ್ ವಾಂಟೆಡ್ ಓಡಿಸುವಷ್ಟು ಇತ್ತು, ಮುಂದೆ ಬೇಕಾದರೆ ಎಕ್ಸ್‌ಪ್ರೆಸ್ ಸ್ಲಾಟೂ ಇತ್ತು. ಕಾರ್ಡಿನ ದುಡ್ಡು ಆವತ್ತೇ ಹಾಕಬೇಕಿಲ್ಲ. ಬಡವರ ಪಾಲಿಗೆ ಅಷ್ಟು ಒಳ್ಳೆ ಬೋರ್ಡ್ ಇನ್ನೊಂದು ಬಂದಿಲ್ಲ ಅಂತ ಇವತ್ತಿಗೂ ನನ್ನ ಅಭಿಪ್ರಾಯ.

ಹಳೇ ಡಬ್ಬವನ್ನೇ ಉಳಿಸಿಕೊಂಡೆ. ಎಸ್.ಎಂ.ಪಿ.ಎಸ್. ಮಾತ್ರ ಹೊಸದು ಬೇಕಾಯಿತು, ಹಳೆಯದರ ಪ್ಲಗ್ಗು 20 ಪಿನ್ನಿನದು, ಬೋರ್ಡಿಗೆ ಬೇಕಾದದ್ದು 24. ಒಳ್ಳೆಯದು ಎರಡು ಸಾವಿರದ ಹತ್ತಿರ, ಲೋಕಲ್ 450 ರೂಪಾಯಿ. ಎರಡರ ಮೇಲೂ 500 ವ್ಯಾಟ್ ಅಂತಲೇ ಬರೆದಿತ್ತು. ಯಾವುದು ತಂದಿರಬಹುದು ಅಂತ ನಿಮಗೆ ಗೊತ್ತಾಗಿರುತ್ತೆ.

ಎರಡು ವರ್ಷ ಏನೂ ಆಗಲಿಲ್ಲ. 2011ರಲ್ಲಿ ಮಗನ ಹುಟ್ಟುಹಬ್ಬಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಜಿಫೋರ್ಸ್ 9600 ಜಿ.ಟಿ. ಕೊಡಿಸಿದೆ. ಅದಕ್ಕೆ ಬೇರೆಯದೇ ವಿದ್ಯುತ್ ಪ್ಲಗ್ ಬೇಕು, ಲೋಕಲ್ ಡಬ್ಬಿಯಲ್ಲಿ ಇರಲಿಲ್ಲ, ಒಂದು ಕನ್ವರ್ಟರ್ ತಂತಿ ಹಾಕಿದೆವು. ಆಗಸ್ಟಿನ ಒಂದು ರಾತ್ರಿ ಹನ್ನೊಂದಕ್ಕೆ ಟಪ್ ಅಂತ ಶಬ್ದ, ಸುಟ್ಟ ವಾಸನೆ. ಬೋರ್ಡೂ ಹೋಯಿತು, ಕಾರ್ಡೂ ಹೋಯಿತು. ಮಗ ಆಗ ಹತ್ತನೇ ಕ್ಲಾಸು. "ರಾತ್ರಿಯೆಲ್ಲ ಕೂತು ಆಡಿ ಆಡಿ ಸುಟ್ಟುಹಾಕಿದೆ, ಪರೀಕ್ಷೆ ಮುಗಿಯುವ ತನಕ ಕಂಪ್ಯೂಟರಿನ ಹೆಸರೆತ್ತಬೇಡ" ಅಂತ ಕೂಗಾಡಿದೆ. ಅವನು ಎದುರು ಮಾತಾಡಲಿಲ್ಲ.

ವಾರದ ಮೇಲೆ ರಿಪೇರಿಯವನ ಹತ್ತಿರ ತಗೊಂಡು ಹೋದೆ. ಅವನು ಎಸ್.ಎಂ.ಪಿ.ಎಸ್. ಕೈಯಲ್ಲಿ ಹಿಡಿದು ತೂಗಿದ, ಅಷ್ಟೇ. "ಇದು ಎಷ್ಟು ಹಗುರ ಇದೆ ನೋಡಿ ಸಾರ್, ಒಳಗೆ ಇರಬೇಕಾದ್ದು ಅರ್ಧ ಇಲ್ಲ" ಅಂದ. ಆಮೇಲೆ ಅದರ ಚೀಟಿ ಓದೋದು ಹೇಗೆ ಅಂತ ಹೇಳಿಕೊಟ್ಟ. ಒಟ್ಟು ವ್ಯಾಟ್ ನೋಡಬಾರದಂತೆ. ಪೆಂಟಿಯಂ 4 ಕಾಲದಿಂದ ಪ್ರೊಸೆಸರ್ ತನ್ನ ಶಕ್ತಿ ಎಳೆಯೋದು 12 ವೋಲ್ಟ್ ಸಾಲಿನಿಂದ, ದೊಡ್ಡ ಕಾರ್ಡೂ ಅಲ್ಲಿಂದಲೇ. ಆ ಸಾಲಿನಲ್ಲಿ ಎಷ್ಟು ಆಂಪಿಯರ್ ಅಂತ ನೋಡಿ 12ರಿಂದ ಗುಣಿಸಬೇಕು. ನಮ್ಮದರಲ್ಲಿ 14 ಅಂತ ಬರೆದಿತ್ತು, ಅಂದರೆ 168 ವ್ಯಾಟ್, ಅದೂ ಚೀಟಿ ನಿಜ ಹೇಳಿದ್ದರೆ!

ಬ್ಯಾಂಕಿನವನಿಗೆ ಇದು ಹೊಳೆಯಬೇಕಿತ್ತು. ಕ್ಯಾಶ್ ಕ್ರೆಡಿಟ್ ಖಾತೆಗೆ ಸ್ಯಾಂಕ್ಷನ್ ಲಿಮಿಟ್ 10 ಲಕ್ಷ ಇರಬಹುದು. ಆದರೆ ಗೋದಾಮಿನಲ್ಲಿ ಸರಕು 4 ಲಕ್ಷದ್ದೇ ಇದ್ದರೆ, ಶೇ. 25 ಮಾರ್ಜಿನ್ ಕಳೆದು ಪಾರ್ಟಿ ತೆಗೆಯಬಹುದಾದ್ದು 3 ಲಕ್ಷ ಮಾತ್ರ. ಅದಕ್ಕೆ ನಾವು ಕರೆಯೋದು ಡ್ರಾಯಿಂಗ್ ಪವರ್ ಅಂತ. ದಿನಾ ಬೇರೆಯವರ ಗೋದಾಮಿಗೆ ಹೋಗಿ ಮೂಟೆ ಎಣಿಸುವ ನಾನು ಮನೆಯ ಡಬ್ಬದ ಸ್ಯಾಂಕ್ಷನ್ ಲಿಮಿಟ್ ನೋಡಿ ದುಡ್ಡು ಬಿಟ್ಟಿದ್ದೆ. ಬೈಸಿಕೊಂಡವನು ಮಗ.

ಇರಲಿ. ಆಮೇಲಿನ ಹದಿನೈದು ವರ್ಷದಲ್ಲಿ ಈ ಪೇಟೆ ನೋಡಿ ನನಗೆ ಗೊತ್ತಾದದ್ದು, ಇಲ್ಲಿನ ಬೆಲೆಗೆ ದೂರದ ಕಾರಣಗಳಿರುತ್ತವೆ. 1993ರ ಜುಲೈನಲ್ಲಿ ಜಪಾನಿನ ನೀಹಾಮಾದಲ್ಲಿ ಚಿಪ್ಪಿಗೆ ಹಚ್ಚುವ ರಾಳದ ಕಾರ್ಖಾನೆ ಸ್ಫೋಟವಾದಾಗ ಜಗತ್ತಿನಲ್ಲೆಲ್ಲ ರ್‍ಯಾಮ್ ಬೆಲೆ ಏರಿತ್ತು. 1999ರ ಸೆಪ್ಟೆಂಬರಿನಲ್ಲಿ ತೈವಾನಿನ ಭೂಕಂಪ, ಮತ್ತೆ ಅದೇ. 2021ರಲ್ಲಿ ಕ್ರಿಪ್ಟೋ ಹಣ ಅಗೆಯುವವರು ಗ್ರಾಫಿಕ್ಸ್ ಕಾರ್ಡ್ ಸಗಟಾಗಿ ಕೊಂಡರು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ತನ್ನ ಪದ್ಧತಿ ಬದಲಿಸಿದ ಮೇಲೆ ಅವೇ ಕಾರ್ಡುಗಳು ಹಗಲು ರಾತ್ರಿ ದುಡಿದು ಬಸವಳಿದು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದವು. 2025ರ ಕೊನೆಗೆ ಎ.ಐ. ಕಂಪನಿಗಳ ಹಸಿವಿಗೆ ರ್‍ಯಾಮ್ ಮತ್ತೆ ಏರಿತು. ಮೈಕ್ರಾನ್ ಕಂಪನಿಯಂತೂ ಮನೆಬಳಕೆಯವರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ನಿಲ್ಲಿಸುತ್ತೇನೆ ಅಂತ ಆ ಡಿಸೆಂಬರಿನಲ್ಲಿ ಘೋಷಿಸಿತು.

ಸಂಜೆ ಹುಡುಗನ ಮನೆಗೆ ಹೋಗಿ ಡಬ್ಬ ಬಿಚ್ಚಿದೆ. 2017ರದ್ದು, ಏಳನೇ ತಲೆಮಾರಿನ ಐ3. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. 11 ಬೇಕೆಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಅಂತ ಅವರ ಪಟ್ಟಿ. ಒಂದೇ ಮೆಟ್ಟಿಲಲ್ಲಿ ತಪ್ಪಿಹೋಗಿದೆ ಪಾಪ. ಹುಡುಗ ಚೀಟಿಯಲ್ಲಿ ಬರೆದುಕೊಂಡಿದ್ದ ಕಾರ್ಡು ರೇಡಿಯಾನ್ ಆರ್.ಎಕ್ಸ್. 6400, 2022ರದ್ದು. ಅದಕ್ಕೆ ಇರೋದು ನಾಲ್ಕೇ ಲೇನು. ಹೊಸ ಬೋರ್ಡಿನಲ್ಲಿ ಸಾಕು, ಇವನ ಬೋರ್ಡಿನ ಸ್ಲಾಟು ಹಿಂದಿನ ತಲೆಮಾರಿನದು, ಅದೇ ನಾಲ್ಕು ಲೇನಿನಲ್ಲಿ ಅರ್ಧವೇ ಹರಿಯೋದು. ನನ್ನ ಜಿ.ವಿ. ಇನ್ನೊಂದು ವೇಷದಲ್ಲಿ ಬಂದ ಹಾಗಾಯಿತು. ಹದಿನಾರು ಲೇನಿನ ಜಿ.ಟಿ.ಎಕ್ಸ್. 1650 ಸೆಕೆಂಡ್ ಹ್ಯಾಂಡ್ ಒಳ್ಳೆಯದು ಸಿಕ್ಕರೆ ನೋಡೋಣ, ಅದರ ಹಲವು ಮಾದರಿಗಳಿಗೆ ಸ್ಲಾಟಿನ 75 ವ್ಯಾಟೇ ಸಾಕು ಅಂತ ಹೇಳಿದೆ. ಆಮೇಲೆ ಎಸ್.ಎಂ.ಪಿ.ಎಸ್. ಹೊರಗೆ ತೆಗೆದು ಕೈಯಲ್ಲಿ ತೂಗಿದೆ. ಹಗುರ.

"ಮೊದಲು ಇದು" ಅಂದೆ. ಹುಡುಗನ ಮುಖ ಸಣ್ಣದಾಯಿತು. ಇದನ್ನು ಬದಲಿಸಿದರೆ ಆಟ ಒಂದು ಚೂರೂ ಜೋರಾಗಿ ಓಡಲ್ಲ ಅಂತ ಅವನಿಗೂ ಗೊತ್ತು. ಅವರಪ್ಪನಿಗೆ ಡ್ರಾಯಿಂಗ್ ಪವರ್ ಕಥೆ ಹೇಳಿದೆ. ಅವರು ಚರ್ಲಪಲ್ಲಿಯಲ್ಲಿ ಸಣ್ಣ ಕಾರ್ಖಾನೆ ಇಟ್ಟವರು, ಕ್ಯಾಶ್ ಕ್ರೆಡಿಟ್ ಗೊತ್ತು, ತಕ್ಷಣ ಅರ್ಥವಾಯಿತು. ಇನ್ನೆರಡು ಸಾವಿರ ಸೇರಿಸ್ತೀನಿ ಅಂದರು.

ರಾತ್ರಿ ಬೆಂಗಳೂರಿಗೆ ಮಗನಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ. 2011ರ ವಿಷಯವನ್ನೂ ಎತ್ತಿದೆ, ಆವತ್ತು ತಪ್ಪು ನನ್ನದಾಗಿತ್ತು ಕಣೋ ಅಂದೆ. "ಗೊತ್ತಿತ್ತಪ್ಪಾ, ಚೀಟಿ ನಾನೂ ಓದಿದ್ದೆ" ಅಂದ. ಆಮೇಲೆ, ಹುಡುಗನ ಕ್ಯಾಬಿನೆಟ್ಟಿನಲ್ಲಿ 1650 ಹಿಡಿಸುವಷ್ಟು ಉದ್ದ ಇದೆಯಾ ಅಳೆದು ನೋಡು ಅಂದ. ಅಳೆದಿರಲಿಲ್ಲ. ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ, ಟೇಪ್ ತಗೊಂಡು ಮೊದಲು ಅವರ ಮನೆಗೆ ಹೋಗಿ, ಅಲ್ಲಿಂದ ಮೂವರೂ ಸಿ.ಟಿ.ಸಿ.ಗೆ.