ಗಡೀಪಾರಾಗದ ಬಣ್ಣಗಳು

ಸ್ಪ್ಯಾನಿಷ್ ಕಲಿಯಲು ಹೊರಟವರ ಮೊದಲ ಪಾಠಗಳಲ್ಲಿ ಬಣ್ಣಗಳ ಪಟ್ಟಿ ಇದ್ದೇ ಇರುತ್ತದೆ. ಒಂದರಿಂದ ಹತ್ತರವರೆಗಿನ ಎಣಿಕೆ, ವಾರದ ದಿನಗಳು, ಅಪ್ಪ ಅಮ್ಮ ಅಣ್ಣ ತಂಗಿ, ಆಮೇಲೆ ಬಣ್ಣಗಳು. ಕೆಂಪಿಗೆ ‘ರೋಹೊ’, ಹಸಿರಿಗೆ ‘ಬೆರ್ದೆ’, ನೀಲಿಗೆ ‘ಅಸುಲ್’, ಹಳದಿಗೆ ‘ಅಮರಿಯೊ’, ಬಿಳಿಗೆ ‘ಬ್ಲಾಂಕೊ’, ಕಪ್ಪಿಗೆ ‘ನೆಗ್ರೊ’, ಕಿತ್ತಳೆಗೆ ‘ನರಾಂಹ’. ಇಷ್ಟನ್ನು ಉರು ಹೊಡೆದು ವಿದ್ಯಾರ್ಥಿ ಮುಂದಿನ ಪಾಠಕ್ಕೆ ಹೋಗುತ್ತಾನೆ. ಆದರೆ ಈ ಏಳು ಪದಗಳು ಒಂದೇ ಮನೆಯಲ್ಲಿ ಹುಟ್ಟಿದವಲ್ಲ. ಕೆಲವನ್ನು ರೋಮನ್ನರು ಬಿಟ್ಟುಹೋದರು, ಒಂದು ಜರ್ಮಾನಿಕ್ ಬುಡಕಟ್ಟುಗಳ ಬಾಯಿಂದ ಬಂತು, ಎರಡನ್ನು ಅರಬರು ತಂದರು. ತಂದವರನ್ನು ಸ್ಪೇನ್ ದೇಶ ಒಂದು ದಿನ ಹಡಗು ಹತ್ತಿಸಿ ಹೊರಗೆ ಕಳಿಸಿತು. ಅವರು ತಂದ ಬಣ್ಣದ ಹೆಸರುಗಳು ಮಾತ್ರ ಅಲ್ಲಿಯೇ ಉಳಿದವು.

ಕನ್ನಡಿಗರಿಗೆ ಈ ಪಟ್ಟಿಯಲ್ಲಿ ಮೊದಲು ಎದುರಾಗುವ ತೊಡಕು ಇತಿಹಾಸದ್ದಲ್ಲ, ವ್ಯಾಕರಣದ್ದು. ಕನ್ನಡದಲ್ಲಿ ಕೆಂಪು ಮನೆ, ಕೆಂಪು ಪುಸ್ತಕ, ಕೆಂಪು ಹೂಗಳು. ‘ಕೆಂಪು’ ಯಾರಿಗಾಗಿಯೂ ಬದಲಾಗುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಬಣ್ಣ ನಾಮಪದದ ಹಿಂದೆ ಬಂದು ಅದರ ಲಿಂಗ, ವಚನಗಳಿಗೆ ತಲೆಬಾಗುತ್ತದೆ. ಮನೆ ಸ್ತ್ರೀಲಿಂಗ, ಆದ್ದರಿಂದ ‘ಕಾಸಾ ರೋಹಾ’. ಪುಸ್ತಕ ಪುಲ್ಲಿಂಗ, ಆದ್ದರಿಂದ ‘ಲೀಬ್ರೊ ರೋಹೊ’. ‘ಬೆರ್ದೆ’, ‘ಅಸುಲ್’ಗಳಿಗೆ ಲಿಂಗದ ಗೊಡವೆಯಿಲ್ಲ, ವಚನ ಮಾತ್ರ. ‘ನರಾಂಹ’ ಅನೇಕ ವೇಳೆ ಯಾವುದಕ್ಕೂ ಬಗ್ಗುವುದಿಲ್ಲ, ಏಕೆಂದರೆ ಅದು ಮೂಲದಲ್ಲಿ ಬಣ್ಣವೇ ಅಲ್ಲ, ಹಣ್ಣು. ಪದದ ಚರಿತ್ರೆ ವ್ಯಾಕರಣದಲ್ಲಿಯೂ ಗುರುತು ಬಿಟ್ಟಿರುತ್ತದೆ ಎನ್ನುವುದಕ್ಕೆ ಇದೊಂದು ಉದಾಹರಣೆ.

ರೋಮನ್ನರಿಂದ ನೇರವಾಗಿ ಬಂದ ‘ಬೆರ್ದೆ’, ‘ನೆಗ್ರೊ’ಗಳಲ್ಲಿ ಹೆಚ್ಚಿನ ಕತೆಯಿಲ್ಲ. ಬಿಳಿಯದು ಹಾಗಲ್ಲ. ಲ್ಯಾಟಿನ್ ಭಾಷೆಯಲ್ಲಿ ಮಂಕು ಬಿಳಿಗೆ ‘ಆಲ್ಬುಸ್’, ಹೊಳೆಯುವ ಬಿಳಿಗೆ ‘ಕಾಂದಿದುಸ್’ ಎಂದು ಬೇರೆ ಬೇರೆ ಪದಗಳಿದ್ದವು. ರೋಮ್‌ನಲ್ಲಿ ಚುನಾವಣೆಗೆ ನಿಲ್ಲುವವರು ಸುಣ್ಣ ಹಚ್ಚಿ ಬೆಳ್ಳಗೆ ಮಾಡಿದ ನಿಲುವಂಗಿ ತೊಟ್ಟು ಮತ ಕೇಳಲು ಹೊರಡುತ್ತಿದ್ದರು. ಇಂಗ್ಲಿಷಿನ ‘ಕ್ಯಾಂಡಿಡೇಟ್’ ಹುಟ್ಟಿದ್ದು ಆ ಬಿಳುಪಿನಿಂದ. ನಮ್ಮ ಖಾದಿಧಾರಿ ಅಭ್ಯರ್ಥಿಗಳು ತಮಗೆ ಗೊತ್ತಿಲ್ಲದೆಯೇ ಹಳೆಯ ಸಂಪ್ರದಾಯವೊಂದನ್ನು ಪಾಲಿಸುತ್ತಿದ್ದಾರೆ. ಸ್ಪೇನಿನಲ್ಲಿ ಈ ಎರಡು ಪದಗಳನ್ನೂ ಬದಿಗೆ ಸರಿಸಿ ಗೆದ್ದದ್ದು ಹೊಳಪನ್ನು ಸೂಚಿಸುವ ‘ಬ್ಲಾಂಕ್’ ಎಂಬ ಜರ್ಮಾನಿಕ್ ಪದ. ‘ಆಲ್ಬಾ’ ಎಂಬ ರೂಪ ಮುಂಜಾವಿನ ಹೆಸರಾಗಿ ಮಾತ್ರ ಬದುಕಿಕೊಂಡಿತು.

ಹಳದಿಯ ಕತೆ ಇನ್ನೂ ವಿಚಿತ್ರ. ಲ್ಯಾಟಿನ್ನಿನ ‘ಅಮಾರುಸ್’ ಎಂದರೆ ಕಹಿ. ಪಿತ್ತ ಕಹಿ, ಪಿತ್ತ ಕೆರಳಿ ಕಾಮಾಲೆ ಬಂದವನ ಮೈ ಹಳದಿ. ಹಾಗಾಗಿ ರೋಗಿಯ ಬಣ್ಣಕ್ಕೆ ‘ಕಹಿಯಾದದ್ದು’ ಎಂಬರ್ಥದ ಹೆಸರು ಬಂದು ಅದೇ ‘ಅಮರಿಯೊ’ ಆಯಿತೆಂದು ಸ್ಪ್ಯಾನಿಷ್ ನಿಘಂಟುಕಾರರು ವಿವರಿಸುತ್ತಾರೆ. ನಾವು ರೋಗವನ್ನು ಬಣ್ಣದಿಂದ ಗುರುತಿಸಿ ‘ಅರಿಶಿನ ಕಾಮಾಲೆ’ ಎಂದೆವು. ಅವರು ಬಣ್ಣವನ್ನೇ ರೋಗದಿಂದ ಗುರುತಿಸಿದರು. ಮಂಗಳಕಾರ್ಯಕ್ಕೆಲ್ಲ ಅರಿಶಿನ ಬೇಕೆನ್ನುವ ನಮ್ಮವರಿಗೆ ಇದು ಅಷ್ಟಾಗಿ ರುಚಿಸಲಾರದು.

ನಿಜವಾದ ಶ್ರೀಮಂತಿಕೆ ಇರುವುದು ಕೆಂಪಿನಲ್ಲಿ. ಇಂದು ವಿದ್ಯಾರ್ಥಿ ಮೊದಲು ಕಲಿಯುವ ‘ರೋಹೊ’ ಹದಿನೈದನೇ ಶತಮಾನದ ಕೊನೆಯವರೆಗೆ ಅಷ್ಟೇನೂ ಬಳಕೆಯಲ್ಲಿರಲಿಲ್ಲ. ಆಗ ಜನ ಹೇಳುತ್ತಿದ್ದುದು ‘ಬೆರ್ಮೆಹೊ’ ಅಥವಾ ‘ಕೊಲೊರಾದೊ’. ಎರಡನೆಯದರ ಅರ್ಥ ‘ಬಣ್ಣ ಹಾಕಿದ್ದು’ ಎಂದಷ್ಟೇ; ಬಣ್ಣ ಎಂದರೆ ಕೆಂಪು ಎಂಬಷ್ಟು ಅದರ ಮೇಲೆ ಮೋಹ. ಕೆಸರಿನಿಂದ ಕೆಂಪಾಗಿ ಹರಿಯುವ ಅಮೆರಿಕದ ನದಿಗೆ ಸ್ಪೇನಿನವರು ಕೊಟ್ಟ ಈ ಹೆಸರೇ ಮುಂದೆ ಕೊಲೊರಾಡೊ ರಾಜ್ಯದ್ದೂ ಆಯಿತು. ಇಂದಿಗೂ ನಾಚಿ ಕೆಂಪಾದವರನ್ನು ‘ಕೊಲೊರಾದೊ’ ಆದರೆನ್ನುವುದುಂಟು. ಇನ್ನು ಕೆಂಪು ದ್ರಾಕ್ಷಾರಸಕ್ಕೆ ‘ರೋಹೊ’ ಎಂದರೆ ಅಂಗಡಿಯವನು ನಗುತ್ತಾನೆ. ಅದು ‘ತಿಂತೊ’, ಅಂದರೆ ಬಣ್ಣ ಅದ್ದಿದ್ದು. ಕೊಲಂಬಿಯಾದಲ್ಲಿ ಅದೇ ‘ತಿಂತೊ’ ಕೇಳಿದರೆ ಹಾಲಿಲ್ಲದ ಕಾಫಿ ಬರುತ್ತದೆ. ಹೊಸದಾಗಿ ಕಲಿಯುವವರು ಇಲ್ಲಿ ಕಂಗಾಲಾಗುವುದು ಸಹಜ.

‘ಬೆರ್ಮೆಹೊ’ದ ಮೂಲ ಲ್ಯಾಟಿನ್ನಿನ ‘ವರ್ಮಿಕುಲುಸ್’, ಎಂದರೆ ಸಣ್ಣ ಹುಳು. ಮೆಡಿಟರೇನಿಯನ್ ತೀರದ ಒಂದು ಬಗೆಯ ಓಕ್ ಮರಕ್ಕೆ ಅಂಟಿಕೊಂಡು ಬದುಕುವ ಕೀಟವನ್ನು ಒಣಗಿಸಿ ಕೆಂಪು ಬಣ್ಣ ತೆಗೆಯುತ್ತಿದ್ದರು. ಅರಬರು ಅದೇ ಕೀಟವನ್ನು ‘ಕಿರ್ಮಿಜ್’ ಎಂದರು. ಅದರ ಹಿಂದಿರುವುದು ಹುಳು ಎಂಬರ್ಥದ ಪರ್ಷಿಯನ್ನಿನ ‘ಕಿರ್ಮ್’. ಸಂಸ್ಕೃತದ ‘ಕೃಮಿ’ಗೂ ಅದಕ್ಕೂ ಒಂದೇ ಬೇರು. ಅರಬ್ಬಿಯ ದಾರಿಯಿಂದ ಸ್ಪ್ಯಾನಿಷ್‌ಗೆ ಬಂದ ಕಡುಗೆಂಪಿನ ಹೆಸರು ‘ಕಾರ್ಮೆಸಿ’. ಪರ್ಷಿಯನ್, ಹಿಂದುಸ್ತಾನಿಗಳ ದಾರಿಯಿಂದ ಕನ್ನಡಕ್ಕೆ ಬಂದದ್ದು ‘ಕಿರಮಂಜಿ’. ಅಜ್ಜಿಯಂದಿರು ಕಿರಮಂಜಿ ಬಣ್ಣದ ಸೀರೆ ಎನ್ನುತ್ತಿದ್ದಾಗ ಮ್ಯಾಡ್ರಿಡ್‌ನ ಬಟ್ಟೆ ಅಂಗಡಿಯ ಪದದ ತಂಗಿಯನ್ನೇ ಬಳಸುತ್ತಿದ್ದರು.

1519ರಿಂದ 1521ರ ನಡುವೆ ಮೆಕ್ಸಿಕೊವನ್ನು ಗೆದ್ದ ಕೋರ್ತೆಸ್‌ನ ಪಡೆಯವರು ಅಲ್ಲಿನ ಸಂತೆಗಳಲ್ಲಿ ಇದಕ್ಕಿಂತ ಎಷ್ಟೋ ಗಾಢವಾದ ಇನ್ನೊಂದು ಕೆಂಪನ್ನು ಕಂಡರು. ಅದೂ ಹುಳುವಿನದೇ. ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಈ ಕೀಟದ ಬಣ್ಣವನ್ನು ಸ್ಥಳೀಯರು ತಮ್ಮ ನಾವಾತ್ಲ್ ಭಾಷೆಯಲ್ಲಿ ‘ಕಳ್ಳಿಹಣ್ಣಿನ ರಕ್ತ’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಸ್ಪೇನಿನವರು ‘ಕೊಚಿನಿಯಾ’ ಎಂದರು. 1523ರಲ್ಲಿಯೇ ದೊರೆ ಇದರ ಬಗ್ಗೆ ವಿಚಾರಿಸಿ ಕೋರ್ತೆಸ್‌ಗೆ ಪತ್ರ ಬರೆಸಿದ. ಒಂದು ಪೌಂಡು ಬಣ್ಣಕ್ಕೆ ಸುಮಾರು 70 ಸಾವಿರ ಒಣ ಕೀಟಗಳು ಬೇಕು. ಓಹಾಕ ಪ್ರಾಂತದ ರೈತರು ಅವನ್ನು ಒಂದೊಂದಾಗಿ ಕಳ್ಳಿಯಿಂದ ಕೆರೆದು ತೆಗೆಯುತ್ತಿದ್ದರು. ಬೆಳ್ಳಿಯನ್ನು ಬಿಟ್ಟರೆ ಮೆಕ್ಸಿಕೊದಿಂದ ಸ್ಪೇನಿಗೆ ಹೋಗುತ್ತಿದ್ದ ಅತಿ ಬೆಲೆಯ ಸರಕು ಅದಾಯಿತು. ಅದರ ಗುಟ್ಟನ್ನು ಸ್ಪೇನ್ ಎರಡೂವರೆ ಶತಮಾನ ಕಾಯ್ದುಕೊಂಡಿತು. 1777ರಲ್ಲಿ ತಿಯೆರಿ ದ ಮೆನೊನ್‌ವಿಲ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ಓಹಾಕಕ್ಕೆ ನುಸುಳಿ ಹುಳುಗಳ ಸಮೇತ ಕಳ್ಳಿಯನ್ನು ಕದ್ದೊಯ್ದ.

ಈ ಕೆಂಪಿನ ಆಸೆ ದಕ್ಷಿಣ ಭಾರತವನ್ನೂ ಬಿಡಲಿಲ್ಲ. ಬ್ರಿಟಿಷ್ ಸೇನಾಧಿಕಾರಿಗಳ ಕೆಂಪು ಕೋಟಿಗೆ ಬೇಕಾದ ಬಣ್ಣಕ್ಕಾಗಿ ಸ್ಪೇನಿನ ಮುಂದೆ ಕೈಯೊಡ್ಡುವುದು ಈಸ್ಟ್ ಇಂಡಿಯಾ ಕಂಪೆನಿಗೆ ಬೇಡವಾಗಿತ್ತು. ಮದರಾಸಿನಲ್ಲಿ ಕಂಪೆನಿಯ ವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್ 1780ರ ದಶಕದಲ್ಲಿ ಈ ಹುಳುವನ್ನು ಇಲ್ಲಿಯೇ ಸಾಕಬೇಕೆಂದು ಪತ್ರದ ಮೇಲೆ ಪತ್ರ ಬರೆದು, ಸೈದಾಪೇಟೆಯಲ್ಲಿ ಕಳ್ಳಿಯ ತೋಟವನ್ನೂ ಮಾಡಿಸಿದ. 1795ರಲ್ಲಿ ಬ್ರೆಜಿಲ್‌ನಿಂದ ಕಲ್ಕತ್ತೆಗೆ ಹುಳು ಬಂದದ್ದೂ ಆಯಿತು. ಬಂದದ್ದು ಕೆಳದರ್ಜೆಯ ಜಾತಿ. ಅದು ಬಣ್ಣ ಕೊಟ್ಟದ್ದು ಅಷ್ಟಕ್ಕಷ್ಟೆ, ಕಳ್ಳಿಯನ್ನು ತಿಂದು ಮುಗಿಸಿದ್ದು ಮಾತ್ರ ಬಹಳ. ಕೀಟದಿಂದ ಕಳೆ ನಿಯಂತ್ರಿಸುವ ವಿಧಾನದ ಮೊದಲ ಉದಾಹರಣೆಯೆಂದು ಕೃಷಿ ವಿಜ್ಞಾನಿಗಳು ಇಂದು ಈ ಪ್ರಸಂಗವನ್ನು ನೆನೆಯುತ್ತಾರೆ.

ಕೆಂಪಿನ ಹುಳು ಪಶ್ಚಿಮದಿಂದ ಇತ್ತ ಬಂತು. ನೀಲಿ ಮತ್ತು ಕಿತ್ತಳೆ ಇಲ್ಲಿಂದ ಅತ್ತ ಹೋದವು. ಲ್ಯಾಟಿನ್‌ನಲ್ಲಿ ನೀಲಿಗೆ ಎಲ್ಲರೂ ಒಪ್ಪುವ ಒಂದು ಪದ ಇರಲಿಲ್ಲ. ಆ ಖಾಲಿ ಜಾಗವನ್ನು ಫ್ರೆಂಚರು ಜರ್ಮಾನಿಕ್ ಮೂಲದ ಪದದಿಂದ ತುಂಬಿಕೊಂಡರೆ, ಸ್ಪೇನಿನವರು ಅರಬರತ್ತ ತಿರುಗಿದರು. ಅಫ್ಘಾನಿಸ್ತಾನದ ಬದಖ್‌ಶಾನ್ ಗಣಿಗಳಲ್ಲಿ ಸಿಗುವ ನೀಲಿ ಕಲ್ಲಿಗೆ ಪರ್ಷಿಯನ್ನಿನಲ್ಲಿ ‘ಲಾಜವರ್ದ್’ ಎಂದು ಹೆಸರು. ಅರಬರ ಬಾಯಲ್ಲಿ ಅದು ಸ್ಪೇನಿಗೆ ಬಂದು, ಮೊದಲ ‘ಲ’ಕಾರವನ್ನು ಕಳೆದುಕೊಂಡು ‘ಅಸುಲ್’ ಆಯಿತು. ಗಿಡದಿಂದ ತೆಗೆಯುವ ನೀಲಿಗೆ ಇನ್ನೊಂದು ಪದ, ‘ಅನ್ಯಿಲ್’. ಅದು ನಮ್ಮ ‘ನೀಲ’ವೇ, ಅರಬ್ಬಿಯ ‘ಅನ್‌-ನೀಲ್’ ಎಂಬ ವೇಷ ತೊಟ್ಟು ಹೋಗಿದೆ, ಅಷ್ಟೆ. ಸಂಸ್ಕೃತದ ‘ನಾರಂಗ’ ಪರ್ಷಿಯನ್ ‘ನಾರಂಗ್’, ಅರಬ್ಬಿ ‘ನಾರಂಜ್’ ಆಗಿ ‘ನರಾಂಹ’ಕ್ಕೆ ಬಂದು ನಿಂತಿತು. ‘ನಾರಂಗ’ದ ಮೂಲ ದ್ರಾವಿಡ ಎಂದೂ, ವಾಸನೆ ಬೀರು ಎಂಬರ್ಥದ ‘ನಾರು’ ಅದರಲ್ಲಿದೆ ಎಂದೂ ಹೇಳುವ ವಿದ್ವಾಂಸರಿದ್ದಾರೆ. ಸ್ಪೇನಿಗೆ ಅರಬರು ತಂದದ್ದು ಹುಳಿಗಹಿ ಜಾತಿಯ ಹಣ್ಣು. ಸೆವಿಯಾ ನಗರದ ಬೀದಿಗಳಲ್ಲಿ ಈಗಲೂ ಅದರ ಮರಗಳಿವೆ. ಸಿಹಿಯಾದದ್ದನ್ನು ಹರಡಿದವರು ಪೋರ್ಚುಗೀಸರು. ಅದಕ್ಕೇ ಅರಬರು ಈಗ ಕಿತ್ತಳೆಯನ್ನು ‘ಬುರ್ತುಕಾಲ್’ ಎನ್ನುತ್ತಾರೆ, ತಾವು ಕೊಟ್ಟ ಪದವನ್ನು ತಾವೇ ಮರೆತವರಂತೆ.

ಈ ಪದಗಳು ಸ್ಪ್ಯಾನಿಷ್‌ನಲ್ಲಿ ನೆಲೆನಿಂತ ಕಾಲ ದೀರ್ಘವಾದದ್ದು. 711ರಲ್ಲಿ ಜಿಬ್ರಾಲ್ಟರ್ ದಾಟಿ ಬಂದ ಮುಸ್ಲಿಮರ ಆಳ್ವಿಕೆ ಸ್ಪೇನಿನ ಒಂದಲ್ಲ ಒಂದು ಭಾಗದಲ್ಲಿ 1492ರ ಜನವರಿಯವರೆಗೆ ನಡೆಯಿತು. ಆ ತಿಂಗಳು ಅವರ ಕೊನೆಯ ರಾಜ್ಯವಾದ ಗ್ರನಾಡ ರಾಣಿ ಇಸಬೆಲ್ಲಾ ಮತ್ತು ರಾಜ ಫರ್ಡಿನಂಡ್‌ರ ವಶವಾಯಿತು. ಆ ಊರಿನ ಅರಮನೆ ಆಲಂಬ್ರದ ಹೆಸರೂ ಬಣ್ಣದ್ದೇ, ಅರಬ್ಬಿಯಲ್ಲಿ ‘ಕೆಂಪನೆಯದು’. ಸೋತವರ ಧರ್ಮ, ಭಾಷೆ, ಆಚಾರಗಳಿಗೆ ಕೈ ಹಚ್ಚುವುದಿಲ್ಲವೆಂದು ಒಪ್ಪಂದದಲ್ಲಿ ಮಾತು ಕೊಡಲಾಗಿತ್ತು. ಅದು ಹತ್ತು ವರ್ಷವೂ ಉಳಿಯಲಿಲ್ಲ. 1500ರ ಸುಮಾರಿಗೆ ಸಿಸ್ನೆರೋಸ್ ಎಂಬ ಆರ್ಚ್‌ಬಿಷಪ್ ಗ್ರನಾಡದಲ್ಲಿ ಅರಬ್ಬಿ ಗ್ರಂಥಗಳ ರಾಶಿಗೆ ಬೆಂಕಿ ಇಡಿಸಿದ. ವೈದ್ಯಶಾಸ್ತ್ರದವು ಮಾತ್ರ ಉಪಯೋಗಕ್ಕೆ ಬರುತ್ತವೆಂದು ಉಳಿದವು. ಮುಸ್ಲಿಮರಿಗೆ ಮತಾಂತರ ಇಲ್ಲವೇ ದೇಶತ್ಯಾಗ ಎಂದಾಯಿತು. ಮತಾಂತರಗೊಂಡವರನ್ನು ‘ಮೊರಿಸ್ಕೊ’ಗಳೆಂದು ಕರೆದರು.

1567ರಲ್ಲಿ ದೊರೆ ಎರಡನೇ ಫಿಲಿಪ್‌ನ ಆಜ್ಞೆ ಹೊರಟಿತು. ಮೊರಿಸ್ಕೊಗಳು ಮೂರು ವರ್ಷದೊಳಗೆ ಕಾಸ್ಟಿಲಿಯನ್ ಕಲಿಯಬೇಕು. ಆಮೇಲೆ ಅರಬ್ಬಿಯಲ್ಲಿ ಮಾತನಾಡುವುದೂ ಓದುವುದೂ ಬರೆಯುವುದೂ ಅಪರಾಧ, ಮನೆಯೊಳಗೂ ಕೂಡ. ಉಡುಗೆ, ಹೆಸರು, ಸ್ನಾನಗೃಹಗಳಿಗೂ ನಿಷೇಧ. ಫ್ರಾನ್ಸಿಸ್ಕೊ ನೂನ್ಯೆಸ್ ಮುಲೆ ಎಂಬ ವೃದ್ಧ ಮೊರಿಸ್ಕೊ ಗಣ್ಯ ಅಧಿಕಾರಿಗಳಿಗೆ ದೀರ್ಘ ಮನವಿಯೊಂದನ್ನು ಸಲ್ಲಿಸಿದ. ಉಡುಗೆ ಧರ್ಮದ್ದಲ್ಲ, ಪ್ರದೇಶದ್ದು. ಈಜಿಪ್ಟ್, ಸಿರಿಯಾಗಳ ಕ್ರೈಸ್ತರೂ ಅರಬ್ಬಿ ಆಡುತ್ತಾರೆ, ಅದರಿಂದ ಅವರ ಕ್ರೈಸ್ತತನಕ್ಕೆ ಕುಂದು ಬಂದಿಲ್ಲ. ಹಳ್ಳಿಯ ಮುದುಕರು ಹುಟ್ಟುಭಾಷೆ ಬಿಟ್ಟು ಬೇರೆ ಭಾಷೆ ಕಲಿಯುವುದಾದರೂ ಹೇಗೆ ಎಂಬುದು ಅವನ ವಾದ. ಯಾರೂ ಕಿವಿಗೊಡಲಿಲ್ಲ. 1568ರಲ್ಲಿ ಗ್ರನಾಡದ ಬೆಟ್ಟಗಳಲ್ಲಿ ದಂಗೆಯೆದ್ದಿತು. ಅದನ್ನು ಹತ್ತಿಕ್ಕಲು ಎರಡು ವರ್ಷಕ್ಕೂ ಹೆಚ್ಚು ಬೇಕಾಯಿತು. ಕೊನೆಗೆ 1609ರಿಂದ 1614ರವರೆಗೆ ಸುಮಾರು ಮೂರು ಲಕ್ಷ ಮೊರಿಸ್ಕೊಗಳನ್ನು ದೇಶದಿಂದಲೇ ಹೊರಹಾಕಲಾಯಿತು. ಅವರಲ್ಲಿ ಬಹಳ ಮಂದಿಗೆ ಆ ಹೊತ್ತಿಗೆ ಸ್ಪೇನಿನ ಭಾಷೆಯೇ ಮನೆಮಾತಾಗಿತ್ತು ಎಂಬುದು ಇಲ್ಲಿನ ಕ್ರೌರ್ಯ.

ವ್ಯಂಗ್ಯವೆಂದರೆ, ಆ ಉಚ್ಚಾಟನೆ ನಡೆಯುತ್ತಿದ್ದಾಗಲೇ, 1611ರಲ್ಲಿ, ಕೋವರ‍್ರೂಬಿಯಾಸ್ ಎಂಬ ಪಾದ್ರಿಯ ದೊಡ್ಡ ನಿಘಂಟು ಮ್ಯಾಡ್ರಿಡ್‌ನಲ್ಲಿ ಅಚ್ಚಾಯಿತು. ಕಾಸ್ಟಿಲಿಯನ್ ಪದಗಳ ಮೂಲವನ್ನು ಶೋಧಿಸುವ ಆ ಗ್ರಂಥ ಎಷ್ಟೋ ಪದಗಳ ಎದುರು ‘ಇದು ಅರಬ್ಬಿಯದು’ ಎಂದು ದಾಖಲಿಸಿತು. ಜನರನ್ನು ಹುಡುಕಿ ಹಡಗು ಹತ್ತಿಸಬಹುದಿತ್ತು. ‘ಅಸುಲ್’ ಎನ್ನದೆ ಆಕಾಶದ ಬಣ್ಣ ಹೇಳುವುದು ಹೇಗೆಂದು ಯಾವ ಆಜ್ಞೆಯೂ ತಿಳಿಸಲಿಲ್ಲ. ಊರುಗಳ ಹೆಸರು, ಸಾಧಿತ ಪದಗಳನ್ನೂ ಸೇರಿಸಿದರೆ ಇಂದಿಗೂ ಸ್ಪ್ಯಾನಿಷ್‌ನಲ್ಲಿ ಅರಬ್ಬಿ ಮೂಲದ ಪದಗಳು ಸುಮಾರು 4000 ಎಂಬ ಲೆಕ್ಕವಿದೆ. ನಮ್ಮ ಸಕ್ಕರೆಯ ಬಂಧುವಾದ ‘ಅಸೂಕಾರ್’ ಅವುಗಳಲ್ಲೊಂದು.

ಹೊರಹಾಕಿಸಿಕೊಂಡವರಲ್ಲಿ ಹಲವರು ಟ್ಯುನಿಸ್ ಸೇರಿದರು. ಅಲ್ಲಿ ಅವರು ಬೆಳೆಸಿದ ಕಸುಬೆಂದರೆ ‘ಶೆಷಿಯಾ’ ಎಂಬ ಉಣ್ಣೆಯ ಟೋಪಿಯ ತಯಾರಿಕೆ. ಹೆಣೆದು, ಕುಗ್ಗಿಸಿ, ಜಗ್‌ವಾನ್ ಎಂಬ ಊರಿನ ನೀರಿನಲ್ಲಿ ಅದಕ್ಕೆ ಬಣ್ಣ ಕಟ್ಟುತ್ತಿದ್ದರು. ಟೋಪಿಯ ಬಣ್ಣ ಕಡುಗೆಂಪು, ಹುಳುವಿನಿಂದ ತೆಗೆದ ಅದೇ ಕಿರಮಂಜಿ. ಟ್ಯುನಿಸ್‌ನ ಹಳೇಪೇಟೆಯಲ್ಲಿ ಆ ಟೋಪಿಯ ಅಂಗಡಿಗಳ ಸಾಲು ಇಂದಿಗೂ ಇದೆ. ಕಸುಬುದಾರರ ಮನೆಮಾತು ಅರಬ್ಬಿ. ಕಸುಬಿನ ಮಾತುಗಳಲ್ಲಿ ಮಾತ್ರ ಸ್ಪ್ಯಾನಿಷ್ ಪದಗಳು ಉಳಿದುಕೊಂಡಿವೆ.