ಅತ್ತೆಯ ಸೋಬಾನೆ ಪದ ಗೋಡೆ ಮೇಲೆ ಬಂದ ಕತೆ

ನಮ್ಮ ನಾದಿನಿ ಮಗಳ ಮದ್ವೇಲಿ, ಚಪ್ಪರದ ದಿನ ರಾತ್ರಿ, ಗೋಡೆ ಮೇಲೆ ಸೋಬಾನೆ ಪದ ಬೀಳ್ತಿತ್ತಲ್ಲ, ನೋಡ್ಕೊಂಡು ಎಲ್ರೂ ಹಾಡುದ್ರಿ. ಆಮೇಲೆ ನರಸೀಪುರದ ಚಿಕ್ಕಮ್ಮ, ನಮ್ಮ ಬೀದಿ ಅಕ್ಕಂದಿರು ಎಲ್ಲಾ ಕೇಳುದ್ರು, "ಅದ ಯಾವ ಅಂಗ್ಡಿಲಿ ಮಾಡ್ಸುದ್ದವ್ವ? ಎಷ್ಟ್ ದುಡ್ಡಾಯ್ತು?" ಅಂತ. ಅಂಗ್ಡಿಲಿ ಮಾಡ್ಸಿದ್ದಲ್ಲ, ದುಡ್ಡೂ ಆಗ್ಲಿಲ್ಲ. ಬರೀ ಅಕ್ಷರ ಇರೋ ಒಂದು ಫೈಲು, ಅಷ್ಟೆ. ಆದ್ರೆ ಆ ಅಕ್ಷರ ಗೋಡೆಗೆ ಬರೋಕೆ ಮುಂಚೆ ಒಂದ್ಸಲ ಸತ್ತು ಬದುಕಿದೆ. ಅದನ್ನೇ ಇವತ್ತು ಬರೀತಿದೀನಿ.

ನಮ್ಮತ್ತೆ ತವರು ತಿ. ನರಸೀಪುರದ ಕಡೆ. ಓದು ಬರಹ ಇರ್ಲಿಲ್ಲ, ಪದ ಮಾತ್ರ ಬಾಯ್ತುಂಬ ಇದ್ದೊ. 2006ರಲ್ಲಿ ಅವ್ರು ಹೇಳ್ತಾ ಹೋದ್ರು, ನಾನು ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಮೂವತ್ತೆಂಟು ಪದ ಆಯ್ತು. ಡಿಟಿಪಿ ಅಂಗ್ಡಿಲಿ ಟೈಪ್ ಮಾಡ್ಸಿ, ಪವರ್‌ಪಾಯಿಂಟಲ್ಲೂ ಹಾಕ್ಸಿ, ಸಿ.ಡಿ. ಮಾಡಿ ಇಟ್ಕೊಂಡೆ. ಅತ್ತೆ ಹೋದ್ರು. 2019ರ ಆಗಸ್ಟಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಬೀದಿಗೆಲ್ಲ ನೀರು ನುಗ್ಗಿದಾಗ ನೋಟ್‌ಬುಕ್ಕೂ ಹೋಯ್ತು. ಸಿ.ಡಿ. ಅಟ್ಟದ ಮೇಲಿತ್ತಲ್ಲ ಅಂತ ಧೈರ್ಯವಾಗಿದ್ದೆ. ಮದ್ವೆ ಗೊತ್ತಾದ ಮೇಲೆ ಮಗಳು ಅದನ್ನ ತೆಗೆದು ನೋಡುದ್ರೆ, ಅಂಚಲ್ಲಿ ಹಾಕ್ಸಿದ್ದ ಹೂವು ಬಳ್ಳಿ ಹಂಗೇ ಇತ್ತು. ಪದ ಇರೋ ಜಾಗದಲ್ಲಿ ಮಾತ್ರ ಇಂಗ್ಲಿಷೂ ಅಲ್ದ ಕನ್ನಡವೂ ಅಲ್ದ ಗೀಚು. ನಂಗೆ ಎದೆ ಧಸಕ್ಕಂತು.

ಯಾಕೆ ಹಿಂಗಾಯ್ತು ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಬೆಳಕು ಬಿಟ್ಟು ಕತೆ ತೋರ್ಸೋದು ನಮ್ಗೆ ಹೊಸದಲ್ಲ. ತೊಗಲುಗೊಂಬೆ ಆಟ ಅಂದ್ರೆ ಅದೇ ಅಲ್ವ, ಬಿಳಿ ಪರದೆ, ಹಿಂದೆ ದೀಪ. ಯೂರೋಪಲ್ಲಿ ಹಾಲೆಂಡಿನ ಹೈಗನ್ಸ್ ಅನ್ನೋ ವಿಜ್ಞಾನಿ 1659ರ ಸುಮಾರಿಗೆ ಗಾಜಿನ ಮೇಲೆ ಬರೆದ ಚಿತ್ರವ ಗೋಡೆಗೆ ಬಿಡೋ ಲಾಟೀನು ಮಾಡಿದರು. ಆ ಗಾಜಿನ ತುಂಡೇ ಸ್ಲೈಡು. ನಾವು ಚಿಕ್ಕೋರಿದ್ದಾಗ ಟೆಂಟಲ್ಲಿ ಸಿನಿಮಾ ಶುರುವಾಗೋ ಮುಂಚೆ ಸೀರೆ ಅಂಗಡಿದೋ ಸೋಡಾ ಫ್ಯಾಕ್ಟರಿದೋ ಹೆಸರು ಬೀಳ್ತಿತ್ತಲ್ಲ, ಅದೂ ಇದರ ಮೊಮ್ಮಗನೇ. ಆಮೇಲೆ 1987ರಲ್ಲಿ ಅಮೆರಿಕದ ಫೋರ್‌ಥಾಟ್ ಅನ್ನೋ ಕಂಪನಿ ಪವರ್‌ಪಾಯಿಂಟ್ ತಂತು. ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನೇ ಕೊಂಡ್ಕೊಳ್ತು. ಸ್ಲೈಡಿಗೆ ಗಾಜು ಬೇಡ, ಕಂಪ್ಯೂಟರ್ ಸಾಕು ಅನ್ನೋ ಕಾಲ ಬಂತು.

ಇಂಗ್ಲಿಷ್‌ನೋರಿಗೆ ಅದು ಸಲೀಸಾಯ್ತು. ತೊಡಕಾಗಿದ್ದು ನಮ್ಮ ಅಕ್ಷರಕ್ಕೆ. ಕಂಪ್ಯೂಟರ್‌ಗೆ ಅಕ್ಷರ ಅಂದ್ರೆ ಬರೀ ಒಂದು ನಂಬರು. ಮೊದಮೊದಲು ನಂಬರುಗಳು ಇಂಗ್ಲಿಷ್‌ಗೇ ಸರಿಹೋಗೋ ಅಷ್ಟು ಇದ್ದೊ. ಅದಕ್ಕೆ ನಮ್ಮೋರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರದ ನಂಬರೇ ಇರ್ಲಿ, ಫಾಂಟಲ್ಲಿ ಅದರ ಮೇಲೆ ಕನ್ನಡದ ಆಕಾರ ಹೊದ್ಸಿಬುಡೋದು. 1998ರಲ್ಲಿ ಶೇಷಾದ್ರಿವಾಸು ಅವರು ಬರಹ ತಂದರು. ಕನ್ನಡ ಗಣಕ ಪರಿಷತ್ತು ನುಡಿ ಮಾಡಿತು. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಜೋಡಿಸಿಕೊಟ್ಟ ಕೀಲಿಮಣೆಯಿಂದ ಕನ್ನಡ ಟೈಪ್ ಮಾಡೋದು ಸುಲಭವಾಯ್ತು. ಇವರೆಲ್ಲ ಇಲ್ದೆ ಹೋಗಿದ್ರೆ ನಮ್ಮ ಮದ್ವೆ ಕಾಗ್ದಗಳೂ ಕಂಪ್ಯೂಟರಲ್ಲಿ ಅಚ್ಚಾಗ್ತಿರ್ಲಿಲ್ಲ. ಆದ್ರೆ ಹೊದ್ಸಿದ ಬಟ್ಟೆ ಹೊದ್ಸಿದ ಬಟ್ಟೆನೇ. ಆ ಫಾಂಟ್ ಇಲ್ದಿರೋ ಕಂಪ್ಯೂಟರಲ್ಲಿ ತೆಗೆದ್ರೆ ಒಳಗಿರೋ ಪರದೇಶಿ ಅಕ್ಷರ ಹೊರಕ್ಕೆ ಬತ್ತದೆ. ನಮ್ಮತ್ತೆ ಪದಕ್ಕೆ ಆಗಿದ್ದು ಇದೇ.

ಇದಕ್ಕೆ ಮದ್ದು ಯೂನಿಕೋಡ್. ಲೋಕದ ಪ್ರತಿ ಲಿಪಿಗೂ ಅದರದ್ದೇ ನಂಬರು ಕೊಡೋ ಏರ್ಪಾಡು. 1991ರ ಮೊದಲನೇ ಪಟ್ಟಿಲೇ ಕನ್ನಡ ಇತ್ತು. ಅ ಅಂದ್ರೆ 3205, ಕ ಅಂದ್ರೆ 3221. ಯಾವ ದೇಶದ ಯಾವ ಫೋನಾದ್ರೂ ಇದೇ ನಂಬರು. ಆದ್ರೆ ಪಟ್ಟೀಲಿದ್ದದ್ದು ಮನೆಮನೆ ಕಂಪ್ಯೂಟರಿಗೆ, ಫೋನಿಗೆ ಬರೋಕೆ ವರ್ಷಗಟ್ಟಲೆ ಹಿಡೀತು. 2006ರಲ್ಲಿ ನಾನಾಗ್ಲಿ ಟೈಪ್ ಮಾಡ್ದೋರಾಗ್ಲಿ ಅದನ್ನ ಯೋಚನೆನೇ ಮಾಡ್ಲಿಲ್ಲ. ಕಾಗದದ ಮೇಲೆ ಚೆನ್ನಾಗಿ ಬಂದ್ರೆ ಸಾಕಾಗಿತ್ತು.

ಮಗಳು ಅಂತರ್ಜಾಲದಲ್ಲಿ ಹುಡುಕಿ, ಹಳೇ ಫಾಂಟಿನ ಬರಹವ ಯೂನಿಕೋಡಿಗೆ ತಿರುಗ್ಸೋ ಪರಿವರ್ತಕಕ್ಕೆ ಹಾಕುದ್ಲು. ಗೀಚೆಲ್ಲ ಕರಗಿ ಕನ್ನಡ ಬಂತು ನೋಡಿ, ಕಣ್ಣಲ್ಲಿ ನೀರೇ ಬಂತು. ಪೂರ್ತಿ ಸರಿಯಿರ್ಲಿಲ್ಲ. ಅರ್ಕಾವತ್ತು ಕಣ್ಣಿಗೆ ಕಾಣೋದು ಅಕ್ಷರ ಆದ್ಮೇಲೆ, ಬಾಯಲ್ಲಿ ಬರೋದು ಅಕ್ಷರಕ್ಕೆ ಮುಂಚೆ. ಹಳೇ ಫಾಂಟು ಕಂಡಂಗೆ ಬರೀತದೆ, ಯೂನಿಕೋಡ್ ಹೇಳ್ದಂಗೆ ಬರೀತದೆ. ಈ ಅದಲು ಬದಲಲ್ಲಿ ಕೆಲವು ಮಾತು ತಿರುಚ್ಕೊಂಡಿದ್ದೊ. ನಾನು, ನಮ್ಮ ವಾರಗಿತ್ತಿ ಇಬ್ರೂ ನಾಕು ಮಧ್ಯಾಹ್ನ ಕುಂತು, ಒಂದೊಂದು ಪದವೂ ಬಾಯಲ್ಲಿ ಹೇಳ್ಕೊಂಡು ತಿದ್ದುದ್ದೊ. ಎರಡು ಪದದಲ್ಲಿ ಒಂದೊಂದು ಸಾಲು ಏನ್ ಮಾಡುದ್ರೂ ನೆಪ್ಪಾಗ್ಲಿಲ್ಲ. ಅವು ಅತ್ತೆ ಜೊತೇಲೇ ಹೋದೊ.

ಇನ್ನು ಸ್ಲೈಡು. "ಮತ್ತೆ ಪವರ್‌ಪಾಯಿಂಟ್ ಬೇಡ ಕನವ್ವ, ಅಕ್ಷರವ ಅಕ್ಷರವಾಗೇ ಇಡಮ" ಅಂದ್ಲು ಮಗಳು. ಜಿನೀವಾದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಯೋಚ್ನೆ ಮಾಡಿ ಶುರುಮಾಡಿದ ವೆಬ್ ಇದೆಯಲ್ಲ, ಅದರ ಪುಟಗಳೆಲ್ಲ ಒಳಗೆ ಬರೀ ಅಕ್ಷರವೇ. 2004ರಲ್ಲಿ ಎರಿಕ್ ಮೆಯರ್ ಅನ್ನೋರು ಅಂಥ ಒಂದೇ ಪುಟವ ಸ್ಲೈಡು ಸ್ಲೈಡಾಗಿ ತೋರ್ಸೋ ದಾರಿ ಮಾಡಿದರು. ಅದೇ ವರ್ಷ ಜಾನ್ ಗ್ರೂಬರ್ ಅನ್ನೋರು ಮಾರ್ಕ್‌ಡೌನ್ ತಂದರು. ಅಂದ್ರೆ ನಾವು ಚೀಟಿಲಿ ಬರೆಯೋ ಹಂಗೆ ಬರೆದ್ರೂ ಕಂಪ್ಯೂಟರಿಗೆ ತಿಳಿಯೋ ರೀತಿ. 2006ರಲ್ಲಿ ಜಾನ್ ಮ್ಯಾಕ್‌ಫರ್ಲೇನ್ ಅನ್ನೋ ತತ್ವಶಾಸ್ತ್ರದ ಮೇಷ್ಟ್ರು ಪ್ಯಾಂಡಾಕ್ ಮಾಡಿದರು, ಒಂದು ಬರಹವ ಬೇಕಾದ ರೂಪಕ್ಕೆ ತಿರುಗ್ಸೋದು. 2011ರಲ್ಲಿ ಸ್ವೀಡನ್ನಿನ ಹಕೀಮ್ ಎಲ್ ಹತಾಬ್ ರಿವೀಲ್ ಅನ್ನೋದು ಮಾಡಿದರು, ಅದರಲ್ಲಿ ಸ್ಲೈಡುಗಳು ಚೆಂದವಾಗಿ ಸರಿದು ಹೋಯ್ತವೆ. ಎಲ್ಲಾನೂ ಪುಕ್ಕಟೆ.

ಬರೆಯೋದು ಎಷ್ಟು ಸುಲಭ ಅಂದ್ರೆ, ನಾನೇ ನೋಟ್‌ಪ್ಯಾಡಲ್ಲಿ ಬರೆದೆ ಕನ್ರಿ. ಹಿಂಗೆ:

# ಅರಿಶಿನ ಶಾಸ್ತ್ರದ ಪದ
- ಹೇಳಿಕೊಟ್ಟೋರು: ನಮ್ಮತ್ತೆ
- ಕಲಿತಿದ್ದು: ನರಸೀಪುರದ ತವರಲ್ಲಿ

---

# ಹೆಣ್ಣೊಪ್ಪಿಸೋ ಪದ

ಮುಂದೆ ಜಾಲರಿ ಗುರುತು ಹಾಕುದ್ರೆ ಅದು ತಲೆಬರಹ. ಒಂದು ಅಡ್ಡಗೆರೆ ಹಾಕುದ್ರೆ ಪಟ್ಟಿ. ಮೂರು ಅಡ್ಡಗೆರೆ ಹಾಕುದ್ರೆ ಮುಂದಿನ ಸ್ಲೈಡು. ಅಕ್ಷರ ಎಷ್ಟು ದಪ್ಪ, ಬಣ್ಣ ಯಾವ್ದು ಅನ್ನೋದು ಬೇರೆ ಫೈಲಲ್ಲಿ ಇರ್ತದೆ. ಅಡ್ಡಗೆರೆ ಹಿಂದೆ ಮುಂದೆ ಒಂದು ಖಾಲಿ ಸಾಲು ಬಿಡೋದ ಮರೀಬಾರ್ದು, ನಾನು ಮೊದಲನೇ ಸಲ ಮರೆತು ಎಲ್ಲಾ ಪದವೂ ಒಂದರ ಮೇಲೊಂದು ಬಿದ್ದಿತ್ತು.

ಇದ್ರಲ್ಲಿ ನಂಗೆ ಹಿಡಿಸಿದ್ದು ಒಂದೇ ಮಾತು. ಹಿಟ್ಟು ಬೇರೆ, ಕಾವಲಿ ಬೇರೆ. ಹಿಟ್ಟು ಚೆನ್ನಾಗಿದ್ರೆ ದೋಸೆನೂ ಆಯ್ತದೆ, ಇಡ್ಲಿನೂ ಆಯ್ತದೆ. ಇವತ್ತು ಅತ್ತೆ ಪದ ಗೋಡೆಗೆ ಬಂತು. ನಾಳೆ ಅದೇ ಫೈಲಿಂದ ಪುಸ್ತಕ ಮಾಡಬಹುದು, ನಿಮ್ಮ ಫೋನಿಗೆ ಕಳಿಸಬಹುದು. ಈ ಸ್ಲೈಡು ಮಾಡೋ ತಂತ್ರಾಂಶ ಒಂದಿನ ನಿಂತೇ ಹೋದ್ರೂ, ಬರೀ ಅಕ್ಷರ ಓದೋಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಹೋದ ಸಲ ನಾವು ಕಾವಲಿಗೇ ಹಿಟ್ಟು ಅಂಟಿಸಿ ಇಟ್ಟಿದ್ದೊ, ಅದಕ್ಕೇ ಕಷ್ಟ ಬಂತು.

ನಿಮ್ಮ ಮನೇಲೂ ಹಳೇ ಸಿ.ಡಿ., ಪೆನ್‌ಡ್ರೈವ್ ಇದ್ರೆ ಈ ವಾರವೇ ತೆಗೆದು ನೋಡಿ. ಗೀಚು ಕಂಡ್ರೆ ಬಿಸಾಕಬೇಡಿ, ಒಳಗೆ ಅಕ್ಷರ ಇರ್ತದೆ. ತಿರುಗ್ಸಿ, ಪದ ಬಲ್ಲ ದೊಡ್ಡೋರು ಇರೋವಾಗ್ಲೇ ಅವರ ಪಕ್ಕ ಕುಂತು ತಿದ್ಕೊಳ್ಳಿ. ನಾನು ತಡ ಮಾಡ್ದೆ, ಎರಡು ಸಾಲು ಹೋಯ್ತು. ಆ ಎರಡು ಸ್ಲೈಡಲ್ಲಿ ಜಾಗ ಖಾಲಿ ಬಿಟ್ಟಿದೀನಿ. ನರಸೀಪುರದ ಕಡೆ ಯಾರಿಗಾದ್ರೂ ನೆಪ್ಪಿದ್ರೆ ಹೇಳಿ, ಬರ್ಕೊಳ್ತೀನಿ.