ಯಾವ ಲ್ಯಾಪ್‌ಟಾಪು ಕೊಳ್ಳಬೇಕು?

ತಂಬೂರಿ ಕೊಳ್ಳಬೇಕೆನ್ನುವವನಿಗೆ ರುದ್ರಪಟ್ಟಣದಲ್ಲಿ ಸಲಹೆಗಾರರ ಬರವಿಲ್ಲ. ಅರಕಲಗೂಡು ತಾಲ್ಲೂಕಿನ, ಕಾವೇರೀ ತೀರದ ಆ ಚಿಕ್ಕ ಊರು ಆರ್. ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರನ್ನು ನಾಡಿಗೆ ಕೊಟ್ಟದ್ದು. ಅಲ್ಲಿಯ ಸಪ್ತಸ್ವರ ದೇವತಾ ಧ್ಯಾನಮಂದಿರವನ್ನೂ ತಂಬೂರಿಯ ಆಕಾರದಲ್ಲಿಯೇ ಕಟ್ಟಿದ್ದಾರೆ. ಆದರೆ ಆ ಊರಿಗೆ ಕೊಟ್ಟಿರುವ ನನ್ನ ಅಕ್ಕನ ಮಗ ಕೇಳಿದ್ದು ತಂಬೂರಿಯ ವಿಚಾರವನ್ನಲ್ಲ. "ಮಾವ, ಲ್ಯಾಪ್‌ಟಾಪ್ ತೊಗೋಬೇಕು. ಯಾವ ಕಂಪೆನೀದು ಒಳ್ಳೇದು? ವಿಂಡೋಸೋ, ಲಿನಕ್ಸೋ? ಹತ್ತು ವರ್ಷ ಬರಬೇಕು ನೋಡಿ" ಎಂದ. ಅವನ ತಾತ ಬರೆದಿಟ್ಟ ನಾಲ್ಕು ನೋಟುಪುಸ್ತಕಗಳು ಮನೆಯಲ್ಲಿವೆ: ಕೃತಿಗಳ ಸ್ವರಲಿಪಿ, ನಡುನಡುವೆ ಮನೆಯ ಹೆಂಗಸರು ಹಾಡುತ್ತಿದ್ದ ಸಂಕೇತಿ ಹಾಡುಗಳು. ಸಂಕೇತಿ ಮಾತಿಗೆ ಸ್ವಂತ ಲಿಪಿ ಇಲ್ಲವಾಗಿ ಎಲ್ಲವೂ ಕನ್ನಡ ಅಕ್ಷರಗಳಲ್ಲಿದೆ. ಕಾಗದ ಅಂಚಿನಲ್ಲಿ ಪುಡಿಯಾಗತೊಡಗಿದೆ. ಅದನ್ನೆಲ್ಲ ಟೈಪು ಮಾಡಿ ಉಳಿಸಬೇಕೆಂದು ಹುಡುಗನ ಹಂಬಲ.

ಹತ್ತು ವರ್ಷ ಬರಬೇಕಾದದ್ದು ಯಂತ್ರವೋ, ಯಂತ್ರದಲ್ಲಿ ಬರೆದದ್ದೋ? ಇದನ್ನು ಮೊದಲು ತೀರ್ಮಾನಿಸಿಕೊಳ್ಳದೆ ಅವನಿಗೆ ಉತ್ತರ ಹೇಳುವಂತಿರಲಿಲ್ಲ. ನಾನು ಕನ್ನಡ ಮೇಷ್ಟರು, ಯಂತ್ರಶಾಸ್ತ್ರ ಬಲ್ಲವನಲ್ಲ. ಆದರೆ ಈ ವಿಷಯದಲ್ಲಿ ಒಮ್ಮೆ ಕೈಸುಟ್ಟುಕೊಂಡವನು. ಅದನ್ನು ಮುಂದೆ ಹೇಳುತ್ತೇನೆ.

ಕಂಪೆನಿಯ ಹೆಸರನ್ನು ನಂಬಿ ಕೊಳ್ಳುವ ಅಭ್ಯಾಸ ನಮಗೆ ಗಡಿಯಾರ, ರೇಡಿಯೋಗಳ ಕಾಲದಿಂದ ಬಂದದ್ದು. ಲ್ಯಾಪ್‌ಟಾಪಿನ ವಂಶಾವಳಿಯನ್ನು ನೋಡಿದರೆ ಆ ನಂಬಿಕೆ ಸ್ವಲ್ಪ ಸಡಿಲವಾಗುತ್ತದೆ. ಹೊತ್ತೊಯ್ಯುವ ಕಂಪ್ಯೂಟರುಗಳಲ್ಲಿ ಮೊದಲು ಹೆಸರಾದದ್ದು 1981ರ ಆಸ್‌ಬಾರ್ನ್. ಅದರ ತೂಕ ಸುಮಾರು 11 ಕಿಲೋಗ್ರಾಂ. ಹೊರುವವನು ಗಟ್ಟಿಗನಾಗಿರಬೇಕಿತ್ತು, ಅಷ್ಟೆ. ಅದನ್ನು ತಂದ ಆಡಮ್ ಆಸ್‌ಬಾರ್ನ್ ನಮಗೆ ತೀರ ಪರಕೀಯನೇನಲ್ಲ. ರಮಣ ಮಹರ್ಷಿಗಳ ಚರಿತ್ರೆ ಬರೆದ ಆರ್ಥರ್ ಆಸ್‌ಬಾರ್ನರ ಮಗ. ಬಾಲ್ಯವನ್ನು ತಿರುವಣ್ಣಾಮಲೆಯಲ್ಲಿ ಕಳೆದು, 2003ರಲ್ಲಿ ಕೊಡೈಕನಾಲಿನಲ್ಲಿ ತೀರಿಕೊಂಡವನು. ಅವನ ಕಂಪೆನಿ ಮಾತ್ರ 1983ರಲ್ಲಿಯೇ ದಿವಾಳಿಯೆದ್ದಿತು. ಪುಸ್ತಕದಂತೆ ಮಡಚುವ ಯಂತ್ರವನ್ನು 1982ರಲ್ಲಿ ತಂದ ಗ್ರಿಡ್ ಕಂಪೆನಿಯ ಹೆಸರನ್ನು ಇಂದು ಕೇಳಿದವರೇ ಕಡಿಮೆ. 1985ರಿಂದ ಲ್ಯಾಪ್‌ಟಾಪಿಗೆ ಇನ್ನೊಂದು ಹೆಸರೆಂಬಂತಿದ್ದ ತೋಷಿಬಾ 2020ರಲ್ಲಿ ಆ ವ್ಯಾಪಾರದಿಂದಲೇ ಹೊರನಡೆಯಿತು. ಐಬಿಎಂನ ಹೆಮ್ಮೆಯಾದ 1992ರ ಥಿಂಕ್‌ಪ್ಯಾಡು 2005ರಲ್ಲಿ ಚೀನಾದ ಲೆನೊವೊ ಪಾಲಾಯಿತು. ಇನ್ನು ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟ ಎಚ್‌ಪಿ, ಡೆಲ್, ಲೆನೊವೊ ಯಂತ್ರಗಳನ್ನು ಹೋಲಿಸುವವನಿಗೆ ಒಂದು ಗುಟ್ಟು ಹೇಳಬೇಕು: ಬೇರೆ ಬೇರೆ ಹೆಸರಿನ ಇಂಥ ಯಂತ್ರಗಳಲ್ಲಿ ಬಹುಪಾಲನ್ನು ಜೋಡಿಸಿಕೊಡುತ್ತ ಬಂದವು ಕ್ವಾಂಟಾ, ಕಂಪಾಲ್, ವಿಸ್ಟ್ರಾನ್ ಮೊದಲಾದ ಕೆಲವೇ ತೈವಾನ್ ಕಂಪೆನಿಗಳು. ಕೋಲಾರದ ನರಸಾಪುರದಲ್ಲಿ ಫೋನಿನ ಕಾರ್ಖಾನೆ ನಡೆಸಿ 2023ರಲ್ಲಿ ಟಾಟಾ ಸಂಸ್ಥೆಗೆ ಮಾರಿ ಹೋದ ವಿಸ್ಟ್ರಾನ್ ಇದೇ.

ನಮ್ಮವರೇ ಮಾಡಿದ ಯಂತ್ರ ಇರಲಿಲ್ಲವೆ ಎಂದರೆ, ಇದ್ದಿತು. 1978ರಲ್ಲಿ ಐಬಿಎಂ ಭಾರತವನ್ನು ಬಿಟ್ಟು ಹೋದ ಮೇಲೆ ತೆರವಾದ ಜಾಗಕ್ಕೆ ಬಂದವರಲ್ಲಿ, ವನಸ್ಪತಿ ತುಪ್ಪದಿಂದ ವ್ಯಾಪಾರ ಆರಂಭಿಸಿದ್ದ ವಿಪ್ರೊ ಒಂದು. ಅದೂ 2013ರಲ್ಲಿ ಕಂಪ್ಯೂಟರು ತಯಾರಿಕೆಯನ್ನು ನಿಲ್ಲಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಕೂಡಿ ಮಾಡಿದ ಸಿಂಪ್ಯೂಟರಿನ ಕಥೆ ಇನ್ನೂ ಮನಸ್ಸಿಗೆ ನಾಟುವಂಥದು. ಅದು ಲಿನಕ್ಸಿನಿಂದ ನಡೆಯುವ ಅಂಗೈಯಂತ್ರ. ಓದು ಬಾರದ ರೈತನಿಗೂ ಅವನ ನುಡಿಯಲ್ಲಿಯೇ ಓದಿ ಹೇಳಬೇಕೆಂಬುದು ಅದರ ಉದ್ದೇಶ. 2001ರಲ್ಲಿ ಮಾದರಿ ಸಿದ್ಧವಾಯಿತು. 2004ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ತಯಾರಿಸಿ ಮಾರಾಟಕ್ಕೂ ತಂದಿತು. ಜಗತ್ತು ಹೊಗಳಿತು, ಕೊಂಡವರು ಕಡಿಮೆ. ಬೆಲೆ, ಪ್ರಚಾರ, ಮೊಬೈಲ್ ಫೋನಿನ ಓಟ ಎಂದು ಕಾರಣಗಳನ್ನು ಹೇಳುತ್ತಾರೆ. ನನಗನ್ನಿಸುವುದು, ನಾವು ಅದರ ವಿಷಯ ಪತ್ರಿಕೆಯಲ್ಲಿ ಓದಿ ಸಂತೋಷಪಟ್ಟೆವೇ ಹೊರತು ಅಂಗಡಿಗೆ ಹೋಗಿ ಕೇಳಲಿಲ್ಲ.

ಹೀಗಿರಲು ಕಂಪೆನಿಯ ಹೆಸರಿಗಿಂತ ಯಂತ್ರದೊಳಗೆ ಕನ್ನಡ ಹೇಗೆ ಕುಳಿತಿದೆಯೆಂಬುದೇ ನಮಗೆ ಮುಖ್ಯ. ಕನ್ನಡ ಬೆರಳಚ್ಚಿಗೆ ಕೀಲಿಮಣೆ ರೂಪಿಸಿದ ಕೆ. ಅನಂತಸುಬ್ಬರಾಯರಿಗೆ ಎದುರಾದ ತೊಡಕೇ ಕಂಪ್ಯೂಟರಿಗೂ ಎದುರಾಯಿತು: ಗುಣಿತಾಕ್ಷರ, ಒತ್ತಕ್ಷರಗಳ ಸಾವಿರಾರು ರೂಪಗಳನ್ನು ಕೆಲವೇ ಕೀಲಿಗಳಲ್ಲಿ ಅಡಗಿಸುವುದು ಹೇಗೆ? ಬೆರಳಚ್ಚಿನಲ್ಲಿ ಅಕ್ಷರವನ್ನು ತುಂಡುತುಂಡಾಗಿ ಜೋಡಿಸಿದರು. ದಕ್ಷಿಣ ಕನ್ನಡದ ಕಿನ್ನಿಕಂಬಳದ ಪದ್ಮನಾಭರಾಯರು, ಎಂದರೆ ಕೆ. ಪಿ. ರಾಯರು, ಬೇರೆ ಬಗೆಯಲ್ಲಿ ಯೋಚಿಸಿದರು. ಯಂತ್ರಕ್ಕೆ ನಾವು ಹೇಳಬೇಕಾದದ್ದು ಅಕ್ಷರದ ಆಕಾರವನ್ನಲ್ಲ, ಉಚ್ಚಾರವನ್ನು. ಆಕಾರವನ್ನು ಅದೇ ಕಟ್ಟಿಕೊಳ್ಳಲಿ. ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲಿಯೇ, ಕೆ ಒತ್ತಿದರೆ 'ಕ', ಶಿಫ್ಟಿನೊಡನೆ ಒತ್ತಿದರೆ 'ಖ' ಎಂಬಂತೆ ಅವರು ಕನ್ನಡವನ್ನು ಕೂರಿಸಿದರು. ನಮ್ಮ ವರ್ಣಮಾಲೆಯ ವ್ಯವಸ್ಥೆ ಬಲ್ಲವನಿಗೆ ಇದು ಅರ್ಧ ಗಂಟೆಯ ಪಾಠ.

ಟೈಪು ಮಾಡುವ ಕಷ್ಟ ಹೀಗೆ ನೀಗಿದರೂ ಕೂಡಿಡುವ ಕಷ್ಟ ಉಳಿಯಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದವು. ಮನೆಮನೆಯಲ್ಲಿ ಕನ್ನಡ ಟೈಪಾಯಿತು. ಈ ಉಪಕಾರ ಸಣ್ಣದಲ್ಲ. ಆದರೆ ಆಗಿನ ವಿಂಡೋಸಿಗೆ ಕನ್ನಡವೆಂಬುದು ಒಂದಿದೆಯೆಂದೇ ಗೊತ್ತಿರಲಿಲ್ಲ. ಆದ ಕಾರಣ ಅಂದಿನ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದವು. ದೊಡ್ಡ 'ಪಿ' ಇರಬೇಕಾದಲ್ಲಿ ಕಕಾರದ ಒಡಲು, ಮೇಲೆ ಓರೆಗೆರೆ ಇರುವ 'ಎ' ಇದ್ದಲ್ಲಿ ತಲೆಕಟ್ಟು, ಬ್ರಿಟಿಷರ ಪೌಂಡಿನ ಚಿಹ್ನೆಯಿದ್ದಲ್ಲಿ ನಕಾರ! ಆ ಶೈಲಿ ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದಲ್ಲಿ ಪಿ, ಎ, ಪೌಂಡುಗಳ ಸಾಲು.

ನಾನು ಕೈಸುಟ್ಟುಕೊಂಡದ್ದು ಇಲ್ಲಿಯೇ. ಎಂ.ಎ.ಗಾಗಿ 2003ರಲ್ಲಿ ಬರೆದ ಪ್ರಬಂಧವನ್ನು, ನಮ್ಮ ಸೀಮೆಯ ಮುದುಕಿಯರಿಂದ ಬರೆದುಕೊಂಡ ಗಾದೆ ಒಗಟುಗಳೊಡನೆ, ಅಂದಿನ ಒಂದು ತಂತ್ರಾಂಶದಲ್ಲಿ ಟೈಪು ಮಾಡಿಸಿ ಸಿ.ಡಿ.ಗೆ ಹಾಕಿಸಿದ್ದೆ. ಕೈಬರಹದ ಚೀಟಿಗಳನ್ನು, ಇನ್ನೇಕೆಂದು, ರದ್ದಿಗೆ ಕೊಟ್ಟೆ. ಎಂಟು ವರ್ಷದ ಮೇಲೆ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಪುಟದ ತುಂಬ ಪೌಂಡುಗಳು. ಪರಿವರ್ತಿಸುವ ಸಾಧನಗಳಿಂದ ಮುಕ್ಕಾಲು ಪಾಲು ಮರಳಿ ಬಂದಿತು. ಅರ್ಕಾವತ್ತು, ಒತ್ತಕ್ಷರಗಳಿದ್ದಲ್ಲಿ ಕೆಲವು ಮಾತುಗಳು ಏನೆಂಬುದು ಇಂದಿಗೂ ತಿಳಿಯದು. ಹೇಳಿದ ಮುದುಕಿಯರು ಈಗಿಲ್ಲ.

ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲವೆಂದಲ್ಲ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯುನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ನಿವೇಶನಗಳನ್ನು ಬಿಟ್ಟಿದ್ದರು. ಮನೆ ಕಟ್ಟಬೇಕಾದದ್ದು ಕಾರ್ಯಾಚರಣ ವ್ಯವಸ್ಥೆಗಳು, ಎಂದರೆ ಯಂತ್ರದೊಳಗೆ ಯಜಮಾನಿಕೆ ನಡೆಸುವ ವಿಂಡೋಸ್, ಮ್ಯಾಕ್, ಲಿನಕ್ಸುಗಳು. ವಿಂಡೋಸಿನಲ್ಲಿ ಅದು ಆದದ್ದು 2001ರ ಎಕ್ಸ್‌ಪಿಯಿಂದ, ನಮ್ಮ ತುಂಗೆಯ ಹೆಸರಿನ ಅಕ್ಷರಶೈಲಿಯೊಡನೆ. ಆಗಲೂ ಮೂಲ ಸಿ.ಡಿ. ಹಾಕಿ ಬೇರೆಯಾಗಿ ಅಳವಡಿಸಿಕೊಳ್ಳಬೇಕಿತ್ತು. ಲಿನಕ್ಸಿಗೆ ಕನ್ನಡವನ್ನು ತಂದವರಲ್ಲಿ ಬಿಡುವಿನ ವೇಳೆಯಲ್ಲಿ ದುಡಿದ ತರುಣರು ಬಹಳ. ಈಗ ಅದರಲ್ಲಿ ಕೆ. ಪಿ. ರಾಯರ ಕೀಲಿಮಣೆ ಜೊತೆಯಲ್ಲಿಯೇ ಬರುತ್ತದೆ. ಎಲ್ಲಕ್ಕಿಂತ ದುಬಾರಿಯಾದ ಆಪಲ್ಲಿನ ಮ್ಯಾಕ್ ಕನ್ನಡ ಅಕ್ಷರಗಳನ್ನು ತಾನೇ ಒದಗಿಸಿದ್ದು 2011ರಲ್ಲಿ. ಬೆಲೆಗೂ ಕನ್ನಡಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕರ್ನಾಟಕ ಸರ್ಕಾರ ಯುನಿಕೋಡನ್ನು ಶಿಷ್ಟತೆಯೆಂದು ಒಪ್ಪಿದ್ದು 2012ರಲ್ಲಿ. ಅಷ್ಟರಲ್ಲಿ ಕಚೇರಿಗಳಲ್ಲಿ ಎಷ್ಟು ಕಡತ ಪೌಂಡುಗಳಲ್ಲಿ ತುಂಬಿತ್ತೋ!

ಇಂದು ಮೂರರಲ್ಲಿ ಯಾವುದನ್ನು ಕೊಂಡರೂ ಕನ್ನಡ ಬರೆಯಬಹುದು, ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಓದಬಹುದು. ಹುಡುಗನಿಗೆ ಇದನ್ನೆಲ್ಲ ಹೇಳಿ, ಕೊಳ್ಳುವಾಗ ನೋಡಬೇಕಾದದ್ದನ್ನು ನನಗೆ ತಿಳಿದಷ್ಟು ಹೇಳಿದೆ. ಕೀಲಿಗಳು ಬೆರಳಿಗೆ ಒಗ್ಗಬೇಕು. ಮುಚ್ಚಳದ ಕೀಲು ಬಿಗಿಯಾಗಿರಬೇಕು. ಕೆಟ್ಟರೆ ರಿಪೇರಿ ಹಾಸನದಲ್ಲಿಯೇ ಆಗಬೇಕು, ಬೆಂಗಳೂರಿಗೆ ಕಳಿಸುವಂತಿರಬಾರದು. ಬರೆದದ್ದೆಲ್ಲ ಯುನಿಕೋಡಿನಲ್ಲಿರಬೇಕು, ಎರಡು ಕಡೆ ಪ್ರತಿ ಇರಬೇಕು. ತಾತನ ಪುಸ್ತಕಗಳನ್ನು ಮಾತ್ರ ಯಾವ ಕಾರಣಕ್ಕೂ ರದ್ದಿಗೆ ಹಾಕಕೂಡದು.

ಕೊನೆಗೆ ಅವನು ಹೊಸದನ್ನು ಕೊಳ್ಳಲಿಲ್ಲ. ಅವನ ಚಿಕ್ಕಪ್ಪನ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪಿತ್ತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ಹನ್ನೊಂದನೆಯದು ಆ ಯಂತ್ರಕ್ಕೆ ಒಗ್ಗುವುದಿಲ್ಲವೆಂದು ಮೂಲೆಗೆ ಸೇರಿದ್ದಿತು. ಅದಕ್ಕೆ ಲಿನಕ್ಸ್ ಹಾಕಿಸಿಕೊಂಡ, ಬ್ಯಾಟರಿಯೊಂದನ್ನು ಬದಲಾಯಿಸಿದ. ಮೊನ್ನೆ ಫೋನು ಮಾಡಿದ್ದ. ಸಂಕೇತಿ ಹಾಡುಗಳು ಸಲೀಸಾಗಿ ಸಾಗಿವೆಯಂತೆ. ಸ್ವರಲಿಪಿಯದೇ ತೊಂದರೆ. ತಾರಸ್ಥಾಯಿಗೆ ಸ್ವರದ ಮೇಲೆ, ಮಂದ್ರಕ್ಕೆ ಕೆಳಗೆ ತಾತ ಇಟ್ಟ ಚುಕ್ಕೆ ಒಂದು ಅಕ್ಷರಶೈಲಿಯಲ್ಲಿ ನೆಟ್ಟಗೆ ಕೂರುತ್ತದೆ, ಇನ್ನೊಂದರಲ್ಲಿ ಪಕ್ಕಕ್ಕೆ ಜಾರುತ್ತದೆ. "ಮೇಲಿನ ಷಡ್ಜ ಯಾವುದು, ಕೆಳಗಿಂದ್ಯಾವುದು ಗೊತ್ತಾಗಲ್ಲ ಮಾವ. ಸದ್ಯಕ್ಕೆ ಪುಟಗಳ ಫೋಟೋ ತೆಗೆದು ಜೊತೇಲೇ ಇಡ್ತಿದ್ದೀನಿ" ಎಂದ.